ಮೇಲಿನಂತೆ

ನಮ್ಮ ಅಣ್ಣನಿಗೆ ಬಲು ಪ್ರೀತಿಯ ಪದ ಒಂದಿದೆ: ‘ಮೇಲಿನಂತೆ’. ದೊಡ್ಡ ಕಟ್ಟಡ ಅಂದರೆ ಮಹಡಿಗೊಂದು ಡಿಬಿ, ಆ ಮಹಡಿಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ. ಒಂದೊಂದನ್ನೂ ಬಿಚ್ಚಿ, ಮೀಟರ್ ಹಿಡಿದು ನೋಡಿ, ಒಂದೊಂದಕ್ಕೂ ಒಂದು ಹಾಳೆ ತುಂಬಬೇಕು. ಆಮೇಲೆ ಎಲ್ಲ ಸೇರಿಸಿ ಸರ್ಟಿಫಿಕೇಟ್. ಅಣ್ಣ ಮೊದಲ ಮಹಡಿಯ ಹಾಳೆಯನ್ನು ಮುತ್ತು ಪೋಣಿಸಿದ ಹಾಗೆ ತುಂಬುತ್ತಾನೆ. ಉಳಿದವಕ್ಕೆಲ್ಲ ಮೇಲಿನಂತೆ. ಇದು ಅವನೊಬ್ಬನ ರೋಗವೇನಲ್ಲ. ಮಹಡಿಗಳು ಹೊರಗೆ ಒಂದೇ ಥರ ಕಾಣುತ್ತವೆ, ಒಳಗೂ ಹಾಗೇ ಇದ್ದಾವು ಅಂತ ಈ ಕಸುಬಿನಲ್ಲಿ ಎಲ್ಲರೂ ನಂಬಿಕೊಂಡು ಕೂತಿದ್ದಾರೆ.

ಬಿಚ್ಚುವವಳು, ನೋಡುವವಳು ನಾನು. ಸಹಿ ಅವನದು. ನಾನು ಪರೀಕ್ಷೆ ಬರೆದು, ಸಹಿ ಹಾಕುವ ಹಕ್ಕು ಕೊಡುವ ಸೂಪರ್‌ವೈಸರ್ ಪರ್ಮಿಟ್ ತಂದ ಮೇಲೂ ಹಾಗೇ ನಡೆದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅಮ್ಮನ ಹತ್ತಿರ ದೂರಿದರೆ, "ಅವನ ಹೆಸರಿದ್ರೇನು, ನಿನ್ ಹೆಸರಿದ್ರೇನು, ಒಂದೇ ಮನೇದಲ್ವೇನೇ?" ಅನ್ನುತ್ತಿದ್ದಳು. ಒಂದೇ ಆಗಿದ್ದರೆ ಒಮ್ಮೆಯಾದರೂ ನನ್ನದು ಹಾಕಬಹುದಿತ್ತಲ್ಲ. ಸರ್ಟಿಫಿಕೇಟಿನ ಕೊನೆಗೆ ‘ಪರಿಶೀಲಿಸಿದವರು’ ಅಂತ ಒಂದು ಜಾಗವಿದೆ. ಅಲ್ಲಿ ನನ್ನ ಹೆಸರು ನೋಡಬೇಕು ಅನ್ನುವುದು ನನ್ನ ಆಸೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹೆಣ್ಣುಮಕ್ಕಳ ಹಾಸ್ಟೆಲಿನ ಕೆಲಸ ಬಂದಾಗ ಅಣ್ಣನೇ ಹೇಳಿದ: "ಈ ಸಲ ನಿನ್ ಹೆಸರೇ ಹಾಕೋಣ ಕಣೇ. ಆದ್ರೆ ನೀಟಾಗಿ ಮಾಡು."

ನೀಟಾಗಿಯೇ ಮಾಡಿದೆ. ಒಂದು ಪೆಟ್ಟಿಗೆಯನ್ನೂ ಬಿಡಲಿಲ್ಲ. ಐದನೇ ಮಹಡಿಯದ್ದು ಬಟ್ಟೆ ಒಣಗಿಸುವ ಕೋಣೆಯಲ್ಲಿತ್ತು, ಹೊರಗಿನಿಂದ ಉಳಿದವುಗಳ ತದ್ರೂಪು. ಮುಚ್ಚಳ ತೆಗೆದರೆ, ಯಾರಿಗಾದರೂ ಶಾಕ್ ಹೊಡೆದ ಕ್ಷಣ ಕರೆಂಟ್ ಕಡಿಯಬೇಕಾದ ಟ್ರಿಪ್ ಸ್ವಿಚ್ ಸುಮ್ಮನೆ ಕೂತಿತ್ತು. ಅದರ ಪಕ್ಕದಿಂದ ವೈರು ಎಳೆದು ಡೈರೆಕ್ಟ್ ಕೊಟ್ಟಿದ್ದರು. ಸ್ನಾನದ ಮನೆಯ ಗೀಸರುಗಳೆಲ್ಲ ಅದೇ ಲೈನಿನ ಮೇಲೆ.

"ಅದು ಪದೇ ಪದೇ ಬೀಳ್ತಿತ್ತು ಮೇಡಂ," ಅಂದರು ಹಾಸ್ಟೆಲಿನ ವಾರ್ಡನ್ ಅಮ್ಮ. "ಬಿಸಿನೀರಿಲ್ಲ ಅಂತ ಹುಡುಗೀರದು ಒಂದೇ ಗಲಾಟೆ. ಮಾಲೀಕರು ಯಾರನ್ನೋ ಕರ್ಸಿ ರಿಪೇರಿ ಮಾಡಿಸಿದ್ರು. ಆಮೇಲೆ ಒಂದ್ ದಿನಾನೂ ಬಿದ್ದಿಲ್ಲ ನೋಡಿ."

ಬೀಳುವುದಾದರೂ ಹೇಗೆ? ನಾಯಿ ಬೊಗಳುತ್ತದೆ ಅಂತ ಅದರ ಬಾಯಿ ಕಟ್ಟಿದ್ದರು, ಕಳ್ಳನನ್ನು ಯಾರೂ ಹುಡುಕಿರಲಿಲ್ಲ. ನಾನು ಹುಡುಕಿದೆ. ಒಂದು ಗೀಸರಿನ ಮೈಯಲ್ಲೇ ಕರೆಂಟ್ ಸೋರುತ್ತಿತ್ತು, ಅರ್ತಿಂಗೂ ಸಡಿಲ. ಆ ಲೈನಿನ ಸ್ವಿಚ್ ಇಳಿಸಿ, ಹಾಳೆಯ ಮೇಲೆ ‘ಅಪಾಯ, ಕೂಡಲೇ ಸರಿಪಡಿಸಬೇಕು’ ಅಂತ ಬರೆದು, ಅಣ್ಣನ ಕೈಗೆ ಕೊಟ್ಟೆ. ಮಾಲೀಕರ ಹತ್ತಿರ ತಾನು ಮಾತಾಡುತ್ತೇನೆ ಅಂದ.

ಮುಂದಿನ ವಾರ ಆಫೀಸಿನಲ್ಲಿ ಸರ್ಟಿಫಿಕೇಟಿನ ಪ್ರತಿ ಕಣ್ಣಿಗೆ ಬಿತ್ತು. ಐದನೇ ಮಹಡಿಯ ಹಾಳೆಯಲ್ಲಿ ನನ್ನ ಬರಹವಿರಲಿಲ್ಲ. ಮೇಲಿನಂತೆ ಅಂತಿತ್ತು. ಕೊನೆಯಲ್ಲಿ ನನ್ನ ಹೆಸರು, ನನ್ನ ಪರ್ಮಿಟ್ ನಂಬರು, ನನ್ನದೊಂದು ಸಹಿ.

"ನಾನು ಸಹಿ ಹಾಕೇ ಇಲ್ವಲ್ಲೋ?"

"ನಾನೇ ಹಾಕ್ದೆ. ನಿನ್ ಸಹಿ ನಂಗೆ ಬರಲ್ವಾ?" ಅಣ್ಣ ನಕ್ಕ. "ಹೆಸರು ಹೆಸರು ಅಂತ ಪ್ರಾಣ ತಿಂತಿದ್ಯಲ್ಲ, ಬಂತಲ್ಲ. ರಜೆ ಬಂದಾಗ ಮಾಲೀಕ್ರು ಸರಿ ಮಾಡಿಸ್ತಾರಂತೆ. ಅವ್ರ ಬೇರೆ ಕಟ್ಟಡಗಳೂ ನಮಗೇ ಬರುತ್ವೆ, ಸುಮ್ನಿರು."

ಕಂಡ ಕಂಡ ಕಟ್ಟಡಕ್ಕೆಲ್ಲ ತನ್ನ ಹೆಸರು ಬರೆದುಕೊಂಡವನು ಇದೊಂದಕ್ಕೆ ಮಾತ್ರ ನನ್ನದು ಬರೆದಿದ್ದ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಮ್ಮಣ್ಣ ಅದನ್ನೇ ಉಡುಗೊರೆ ಅಂತ ಬೇರೆ ಹೇಳುತ್ತಿದ್ದ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಎದ್ದು ನೇರ ಹಾಸ್ಟೆಲಿಗೆ ಹೋದೆ.

ಹುಡುಗಿಯೊಬ್ಬಳು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಮೆಟ್ಟಿಲಿಳಿದು ಬಂದಳು. ಯಾವ ಮಹಡಿ ಅಂತ ಕೇಳಿದೆ. ಐದು ಅಂದಳು. ಲೈನ್ ಮತ್ತೆ ಹಾಕಿದ್ದರು.

"ಅಮ್ಮಾ, ಐದನೇ ಮಹಡಿ ಲೈನ್ ಇಳಿಸಿ. ಅದು ಸರಿಯಿಲ್ಲ."

"ಸರಿಯಿಲ್ವಾ? ಸರಿ ಇದೆ ಅಂತ ನೀವೇ ಬರ್ಕೊಟ್ಟಿದೀರಲ್ಲ!" ವಾರ್ಡನ್ ಅಮ್ಮ ಗೋಡೆಯತ್ತ ಕೈ ತೋರಿಸಿದರು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಗಾಜಿನೊಳಗೆ ಇಟ್ಟು ತೂಗುಹಾಕಿದ್ದರು. ನನ್ನ ಹೆಸರು ಬಾಗಿಲಿಗೇ ಎದ್ದು ಕಾಣುತ್ತಿತ್ತು.

‘ಅದನ್ನು ಬರೆದವಳು ನಾನಲ್ಲ’ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ನಾನಲ್ಲ ಅಂದರೆ ಅಣ್ಣನಿಗೊಂದು ಫೋನು, ಮಾಲೀಕರಿಗೊಂದು ಫೋನು, ಅಷ್ಟರಲ್ಲಿ ಮೇಲೆ ಇನ್ನೊಬ್ಬಳು ಸ್ನಾನಕ್ಕೆ ಹೋಗಿರುತ್ತಾಳೆ. ನಾನೇ ಹೋಗಿ ಇಳಿಸಿದರೆ ಹೋದ ಸಲದಂತೆ ಮತ್ತೆ ಹಾಕುತ್ತಾರೆ. ಬರೆದವಳೇ ತಪ್ಪಾಯಿತು ಅಂದರೆ ಮಾತ್ರ ಇವರು ಕೇಳುತ್ತಾರೆ.

"ಹೌದು, ನಾನೇ ಬರೆದದ್ದು," ಅಂದೆ. "ತಪ್ಪು ಬರ್ದಿದೀನಿ."

"ಬಾಯಿಮಾತಲ್ಲಿ ಹೇಳಿದ್ರೆ ನಡೆಯಲ್ಲ ಮೇಡಂ. ನಾಳೆ ಮಾಲೀಕರು ನನ್ನ ಸುಮ್ನೆ ಬಿಡ್ತಾರಾ? ಬರ್ದು ಕೊಡಿ, ಇಳಿಸ್ತೀನಿ."

ಬರೆದೆ. ಐದನೇ ಮಹಡಿಯ ಡಿಬಿ ಸುರಕ್ಷಿತವಾಗಿದೆ ಎಂದು ನಾನು ತಪ್ಪಾಗಿ ಪ್ರಮಾಣೀಕರಿಸಿರುತ್ತೇನೆ. ಈ ಒಂದು ಸಾಲು ಸಾಕು, ನನ್ನ ಪರ್ಮಿಟ್ ಹೋಗುತ್ತದೆ. ಗೊತ್ತಿದ್ದೇ ಸಹಿ ಹಾಕಿದೆ.

ವಾರ್ಡನ್ ಅಮ್ಮ ಕನ್ನಡಕ ಏರಿಸಿ, ಹಾಳೆಯನ್ನು ಗಾಜಿನ ಪಕ್ಕಕ್ಕೆ ಹಿಡಿದು ನೋಡಿದರು.

"ಇದೇನು, ಎರಡೂ ಸಹಿ ಬೇರೆ ಬೇರೆ ಇದೆಯಲ್ಲ ಮೇಡಂ? ಯಾವುದು ನಿಮ್ದು?"

"ಎರಡೂ ನಂದೇ," ಅಂದೆ. "ಮೊದ್ಲು ಸ್ವಿಚ್ ಇಳಿಸಿ."