ಅಮೇರಿಕದ ಮನೆಯ ಪಾಲು

ಅಂದಾನಪ್ಪನಿಗೆ ಯಾರನ್ನೂ ನಂಬಿ ಗೊತ್ತಿರಲಿಲ್ಲ. ನರಗುಂದದ ಪೇಟೆಯಲ್ಲಿ ಜೋಳದ ಚೀಲಕ್ಕೆ ಕೈ ಹಾಕಿದನೆಂದರೆ, ಮೇಲಿನ ಕಾಳು ಬಿಟ್ಟು ತಳದ ಕಾಳು ತೆಗೆದು ಹಲ್ಲಿನಲ್ಲಿ ಕಡಿದು ನೋಡುವ ಆಸಾಮಿ. ಮಗಳ ಮದುವೆಯಲ್ಲಿ ಬೀಗರು ನಕ್ಕರೆಂದು, ಯಾಕೆ ನಕ್ಕರು, ಏನು ಕಂಡು ನಕ್ಕರು ಎಂದು ಮದುವೆ ಮುಗಿದ ಮೇಲೂ ಹೆಂಡತಿಯ ಜೀವ ಹಿಂಡಿದವನು. ಇಂಥವನು ಈ ಲೋಕದಲ್ಲಿ ಒರೆಗೆ ಹಚ್ಚದೆ ಒಪ್ಪಿಕೊಂಡಿದ್ದು ಇಬ್ಬರನ್ನು ಮಾತ್ರ: ತಾಯಿ ಮುದುಕವ್ವನನ್ನು ಮತ್ತು ತಮ್ಮ ಅಜ್ಜಪ್ಪನನ್ನು. ೧೯೫೪ರ ಸುಗ್ಗಿಯಲ್ಲಿ ತಮ್ಮನ ಮೇಲಿನ ನಂಬಿಕೆಗೂ ಕುತ್ತು ಬಂತು.

ಅದು ಬಂದದ್ದು ಜೀಪಿನಲ್ಲಿ. ಎರೆ ಹೊಲದ ಮಣ್ಣು ಮಳೆನೀರಿಗೆ ಕೊಚ್ಚಿಹೋಗದಂತೆ ಒಡ್ಡು ಹಾಕುವ ಕೆಲಸ ನೋಡಲು ಸರಕಾರ ವಿಲ್ಬರ್ ಎಂಬ ಅಮೇರಿಕದ ಸಾಹೇಬನನ್ನು ಕರೆಸಿತ್ತು. ಅವನು ರೋಣದ ಕಡೆಯ ಹೊಲಗಳನ್ನು ತಿರುಗುವಾಗಲೆಲ್ಲ ನರಗುಂದ ಎಲ್ಲಿ, ಅಜ್ಜಪ್ಪ ಎಲ್ಲಿ ಎಂದು ಕೇಳುತ್ತಲೇ ಇದ್ದನಂತೆ. ಕೊನೆಗೆ ಒಂದು ಬೆಳಿಗ್ಗೆ ಜೀಪು ಅಂದಾನಪ್ಪನ ಕಟ್ಟೆಯ ಮುಂದೆಯೇ ಬಂದು ನಿಂತಿತು.

ಅಜ್ಜಪ್ಪ ಹರೆಯದಲ್ಲಿ ಬೇಸಾಯ ಕಲಿಯಲು ಅಮೇರಿಕಕ್ಕೆ ಹೋಗಿ ಬಂದವನು. ಅವನು ಅಲ್ಲಿದ್ದಾಗಲೇ ಇಲ್ಲಿ ಅಪ್ಪ ತೀರಿಕೊಂಡ. ಮಣ್ಣಿಗೆ ಬರಲು ಆಗಲಿಲ್ಲ. ಹಡಗಿನ ದಾರಿಯೇ ತಿಂಗಳಿಗೂ ಮೇಲೆ. ಓದು ಮುಗಿಸಿ ಬಂದವನು ಕೋಟನ್ನು ಗೂಟಕ್ಕೆ ಹಾಕಿ, ಧೋತರ ಉಟ್ಟು, ಹೊಲ ಹಿಡಿದ. ಹೆಂಡತಿ ಬೇಗ ಹೋದಳು, ಮಕ್ಕಳಾಗಲಿಲ್ಲ. ಅಣ್ಣ ಪೇಟೆ ನೋಡಿಕೊಂಡ, ತಮ್ಮ ಹೊಲ ನೋಡಿಕೊಂಡ, ಒಂದೇ ಒಲೆ, ಒಂದೇ ಮನೆ. ಪಾಲು ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ.

"ಅಜ್ಯಾಕ್ಸ್!" ಎಂದು ಕೂಗಿಕೊಂಡೇ ಸಾಹೇಬ ಜೀಪಿನಿಂದ ಇಳಿದ. ಯಾರನ್ನು ಕರೆಯುತ್ತಿದ್ದಾನೆ ಎಂದು ಅಂದಾನಪ್ಪ ಹಿಂದೆ ಮುಂದೆ ನೋಡುವಷ್ಟರಲ್ಲಿ ಒಳಗಿಂದ ಅಜ್ಜಪ್ಪ ಓಡಿ ಬಂದ. ಐವತ್ತರ ಹತ್ತಿರದ ಗಂಡಸು, ಹುಡುಗನ ಹಾಗೆ ಓಡಿ ಬಂದ. ಇಬ್ಬರೂ ಕೈ ಹಿಡಿದರು. ಅದು ಸಾಹೇಬರು ಹಿಡಿಯುವ ಕೈಯಲ್ಲ. ಕಿರುಬೆರಳಿಗೆ ಕಿರುಬೆರಳು ಕೊಕ್ಕೆ ಹಾಕಿ, ಎಡಗೈಯಿಂದ ಪರಸ್ಪರ ಮೊಣಕೈ ತಟ್ಟಿ, ಇಬ್ಬರೂ ಒಟ್ಟಿಗೆ ಏನೋ ಒಂದು ಸಾಲು ಪಿಸುಗುಟ್ಟಿದರು. ಆಮೇಲೆ ಇಬ್ಬರ ಕಣ್ಣಲ್ಲೂ ನೀರು.

ಅಷ್ಟಕ್ಕೇ ಮುಗಿಯಲಿಲ್ಲ. ಸಾಹೇಬ ಚೀಲದಿಂದ ಬಟ್ಟೆ ಸುತ್ತಿದ ಒಂದು ಕಟ್ಟಿಗೆ ತುಂಡು ತೆಗೆದು ಅಜ್ಜಪ್ಪನ ಕೈಗಿಟ್ಟ. ಗೇಣುದ್ದದ, ಬಣ್ಣ ಹಾರಿಹೋದ ಹಳೆಯ ಹಲಗೆ. ಮೇಲೆ ಏನೋ ಒಂದು ಅಕ್ಷರ ಕೆತ್ತಿತ್ತು. ಅಜ್ಜಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಅಪ್ಪನ ಸಮಾಧಿಯ ಗದ್ದುಗೆಗೂ ಹೀಗೆ ಹಣೆ ಹಚ್ಚಿದವನಲ್ಲ ಇವನು, ಎಂದುಕೊಂಡ ಅಂದಾನಪ್ಪ. ಅವನ ತಲೆಯಲ್ಲಿ ಹುಳ ಹೊಕ್ಕದ್ದು ಆಗ.

ಜೀಪು ಹೋದ ಮೇಲೆ ಊಟಕ್ಕೆ ಕೂತಾಗ ಅವನು ಸುಮ್ಮನೆ ಕೇಳಿದವನ ಹಾಗೆ ಕೇಳಿದ.

"ಏನೋ ತಮ್ಮಾ, ಆ ಕಟಿಗಿ ಏನದು?"

ಅಜ್ಜಪ್ಪನಿಗೆ ಮುಚ್ಚಿಡುವ ಬುದ್ಧಿಯೇ ಇರಲಿಲ್ಲ, ಇಷ್ಟು ವರ್ಷ ಯಾರೂ ಕೇಳಿರಲಿಲ್ಲ ಅಷ್ಟೆ. ರೊಟ್ಟಿ ಮುರಿಯುವುದನ್ನೂ ಮರೆತು ಹೇಳತೊಡಗಿದ.

"ಅದು ನಮ್ಮ ಮನಿ ಬೋರ್ಡಣ್ಣ. ಕಾಲೇಜಿನ ಹುಡುಗೂರು ಕೂಡಿ ಕಟ್ಟಿದ ಮನಿ. ಅಲ್ಲೆ ದೊಡ್ಡ ದೊಡ್ಡ ಸಾಹುಕಾರರ ಮಕ್ಕಳದು ಬ್ಯಾರೆ ಬ್ಯಾರೆ ಮನಿ ಇದ್ವು. ಒಕ್ಕಲಿಗರ ಹುಡುಗೂರ ಕೈ ದನದ ನಾತ ಹೊಡೀತಾವ ಅಂತ ಯಾರೂ ಒಳಗ ಬಿಟ್ಟುಕೊಳ್ಳಲಿಲ್ಲ. ಆವಾಗ ಅವರ ಏಳು ಮಂದಿ ಕೂಡಿ ದನದ ಕೊಟ್ಟಿಗಿ ಹಿಂದ ಒಂದು ಹಳೇ ಮನಿ ಬಾಡಿಗಿ ಹಿಡದ್ರು. ನಸುಕಿನ್ಯಾಗ ಎದ್ದು ಹಾಲ ಕರಿಯಾಕ ಹೋಗಾವ್ರು, ಅದಕ್ಕ ಕಂದೀಲ ಅವರ ಗುರುತು. ಗ್ರೀಕ್ ಅಂತ ಒಂದು ಹಳೇ ಭಾಷಾದು ಮೂರು ಅಕ್ಷರ ಬೋರ್ಡಿನ ಮ್ಯಾಲ ಕೆತ್ತಿದ್ರು. ಮುಂದ ಅದ ಮನೀನ ಕೊಂಡ್ರು. ನಾ ಹೋದಾಗ ಮನಿ ತುಂಬ ಹುಡುಗೂರು."

"ನೀ ಹ್ಯಾಂಗ ಸೇರಿದಿ?"

"ಮೊದಲ ನಾ ಬರೇ ಉಣ್ಣಾಕ ಹೋಗತಿದ್ದೆ. ಅಪ್ಪ ಹೋದ ತಾರು ಬಂತಲ್ಲ, ಅವತ್ತ ಆ ಹುಡುಗೂರು ಬೆಳತನಕ ನನ್ನ ಸುತ್ತ ಕುಂತಿದ್ರು. ಒಬ್ಬರೂ ತುತ್ತ ಬಾಯಿಗಿ ಹಾಕಲಿಲ್ಲ. ಅದರ ಮುಂದಿನ ತಿಂಗಳ ನನ್ನ ಒಳಗ ತಗೊಂಡ್ರು. ಕಣ್ಣ ಕಟ್ಟಿ ಮನಿ ತುಂಬ ತಿರುಗಿಸಿದ್ರು, ಕಂದೀಲ ಮ್ಯಾಲ ಕೈ ಇಟ್ಟು ಆಣಿ ಮಾಡಿಸಿದ್ರು, ಕಿರುಬೆರಳ ಕೊಕ್ಕಿ ಹಾಕೂದ ಕಲಿಸಿದ್ರು, ಒಂದ ತಾಟಿನ್ಯಾಗ ಬ್ರೆಡ್ಡು ಉಪ್ಪು ತಿನ್ನಿಸಿ ಹೊಸ ಹೆಸರಿಟ್ರು. ಅಜ್ಯಾಕ್ಸ್ ಅಂತ."

ಆಮೇಲಿನದು ಹೇಳುವಾಗ ಅವನ ದನಿ ಇಳಿಯಿತು. ಅವನು ಊರಿಗೆ ಬಂದ ಕೆಲವೇ ವರ್ಷಕ್ಕೆ ಅಮೇರಿಕದಲ್ಲಿ ಕಾಳಿನ ಧಾರಣೆ ನೆಲ ಕಚ್ಚಿತು. ಹುಡುಗರ ಅಪ್ಪಂದಿರು ಹೊಲ ಕಳೆದುಕೊಂಡರು, ಹುಡುಗರು ಕಾಲೇಜು ಬಿಟ್ಟರು. ಕಡೆಗೆ ನಾಲ್ಕು ಜನ ಉಳಿದಾಗ ಬ್ಯಾಂಕು ಮನೆಗೆ ಬೀಗ ಹಾಕಿತು. ಆ ನಾಲ್ವರಲ್ಲಿ ವಿಲ್ಬರ್ ಒಬ್ಬ. ಅಜ್ಜಪ್ಪನನ್ನು ಅವನು ಕಣ್ಣಾರೆ ಕಂಡಿರಲಿಲ್ಲ, ಹೆಸರು ಮಾತ್ರ ಕೇಳಿದ್ದ. ಬೀಗ ಬೀಳುವ ಮುಂಚೆ ಅವರು ಬೋರ್ಡು ಇಳಿಸಿ, ಅಕ್ಷರಕ್ಕೊಂದರಂತೆ ಮೂರು ತುಂಡು ಕೊಯ್ದು ಇಟ್ಟುಕೊಂಡರು. ಯುದ್ಧದಲ್ಲಿ ಸುಮಾರು ಜನ ಸತ್ತರು. ಈಗ ಆ ಹೆಸರು ಹೇಳುವವರು ಬೆರಳೆಣಿಕೆಯಷ್ಟು.

"ಅವರಾಗ ಎಲ್ಲಾರಕಿಂತ ದೂರ ಇರಾವ ನಾ ಅಂತ ಒಂದ ಅಕ್ಷರ ನನ್ನ ಪಾಲಿಗಿ ತಂದು ಕೊಟ್ಟಾನ" ಎಂದ ಅಜ್ಜಪ್ಪ.

ಪಾಲು! ಅಂದಾನಪ್ಪನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು.

ಮರುದಿನ ತಮ್ಮ ಹೊಲಕ್ಕೆ ಹೋದದ್ದೇ ತಡ, ಅಂದಾನಪ್ಪ ಅವನ ಕೋಣೆ ಹೊಕ್ಕು ಕಟ್ಟಿಗೆಯನ್ನು ಬೆಳಕಿಗೆ ಹಿಡಿದ. ಮೂಸಿದ, ಉಗುರಿನಿಂದ ಕೆರೆದ. ಎರಡೂ ಅಂಚಿನಲ್ಲಿ ಗರಗಸದ ಗುರುತು ಸ್ಪಷ್ಟವಾಗಿತ್ತು. ಸೂಡಿ ಎಂಬ ಊರಲ್ಲಿ ಅವನ ದೊಡ್ಡಪ್ಪಂದಿರು ಬೇರೆಯಾದಾಗ ಮನೆಯ ತೊಲೆಯನ್ನು ಹೀಗೇ ನಡುವೆ ಕೊಯ್ದು ಹಂಚಿಕೊಂಡಿದ್ದರು. ಮನೆ ಮುರಿದಾಗ ಕಟ್ಟಿಗೆ ಸಿಗುವುದು ಯಾರಿಗೆ? ಆ ಮನೆಯ ಮಕ್ಕಳಿಗೆ. ದಾರಿಯಲ್ಲಿ ಹೋಗುವವರನ್ನು ಕರೆದು ಯಾರೂ ತೊಲೆ ಕೊಡುವುದಿಲ್ಲ.

ಕಟ್ಟೆಗೆ ಬಂದು ಕೂತು ಅವನು ಎಲ್ಲವನ್ನೂ ಜೋಡಿಸಿದ. ಅಪ್ಪ ಸತ್ತ ಮೇಲೆ ಬೇರೆ ಮನೆಯವರು ಇವನನ್ನು ಒಳಗೆ ತೆಗೆದುಕೊಂಡಿದ್ದಾರೆ. ದೀಪದ ಮೇಲೆ ಆಣೆ ಮಾಡಿಸಿ, ಅನ್ನ ತಿನ್ನಿಸಿ, ಹೊಸ ಹೆಸರಿಟ್ಟಿದ್ದಾರೆ. ಮನೆ ಮುರಿದಾಗ ಪಾಲು ಹಚ್ಚಿದ್ದಾರೆ. ಇಷ್ಟೆಲ್ಲ ಆಗುವುದಕ್ಕೆ ನಮ್ಮ ಸೀಮೆಯಲ್ಲಿ ಇರುವುದು ಒಂದೇ ಹೆಸರು, ದತ್ತಕ. ದತ್ತಕ ಹೋದ ಮಗ ಹೆಸರೊಂದಿಗೆ ಮನೆಯನ್ನೂ ಬದಲಿಸುತ್ತಾನೆ. ಹುಟ್ಟಿದ ಮನೆಯಲ್ಲಿ ಅವನು ನೆಂಟ. ಅಲ್ಲಿ ಅವನಿಗೆ ಪಾಲೂ ಇಲ್ಲ, ಅಣ್ಣನೂ ಇಲ್ಲ. ಕಾಲೇಜು ಹುಡುಗರ ಹುಡುಗಾಟ ಇರಬಹುದು ಎಂಬ ಮಾತು ಅವನ ತಲೆಯ ಹತ್ತಿರವೂ ಸುಳಿಯಲಿಲ್ಲ. ಅವನಿಗೆ ಗೊತ್ತಿದ್ದ ಲೋಕದಲ್ಲಿ ದೀಪದ ಮೇಲೆ ಕೈಯಿಟ್ಟು ಯಾರೂ ಹುಡುಗಾಟ ಆಡುತ್ತಿರಲಿಲ್ಲ.

ಹೆಂಡತಿ ಕಳಕವ್ವ ಗಜೇಂದ್ರಗಡದವಳು, ಮಾತಿಗೆ ಧಾರಾಳಿ. ಗಂಡನ ಲೆಕ್ಕಾಚಾರ ಕೇಳಿ ಅವಳು ಕೈಯಲ್ಲಿದ್ದ ಮೊರವನ್ನು ನೆಲಕ್ಕೆ ಕುಕ್ಕಿದಳು.

"ನಿಮಗೇನ ಹುಚ್ಚ ಹಿಡದೈತೇನ್ರಿ? ದತ್ತಕ ಹೋದಾವ ಇಷ್ಟ ವರ್ಷ ನಿಮ್ಮ ಹೊಲದಾಗ ಯಾಕ ಬೆವರ ಸುರಸ್ತಾನ? ಆ ಮನಿ ಸುಖ ಬಿಟ್ಟ ಈ ಬಿಸಲಿಗಿ ಯಾಕ ಬರತಾನ?"

"ಅದನ್ನ ನಾನೂ ಕೇಳಾಕತ್ತೀನಿ. ಯಾಕ ಬಂದಾನ?" ಎಂದ ಅಂದಾನಪ್ಪ.

ಕಳಕವ್ವ ಮೊರ ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಅವನು ತಮ್ಮನನ್ನು ತೂಕಕ್ಕೆ ಹಾಕಿದ. ಅಜ್ಜಪ್ಪ ಯಾವಗಲ್ ಎಂಬ ಹಳ್ಳಿಯಲ್ಲಿದ್ದ ಮನೆತನದ ಹೊಲದಲ್ಲಿ ಸಾಹೇಬನ ಒಡ್ಡಿಗೆ ಜಾಗ ತೋರಿಸಿದರೆ, ಹೊಲವನ್ನೇ ಆ ಮನೆಗೆ ಕೊಡುತ್ತಿದ್ದಾನೆ ಎಂದ. ನಕ್ಕರೆ, ಅವರನ್ನು ನೆನೆದು ನಗುತ್ತಾನೆ ಎಂದ. ಸುಮ್ಮನಿದ್ದರೆ, ಲೆಕ್ಕ ಹಾಕುತ್ತಿದ್ದಾನೆ ಎಂದ. ಜೀಪು ಮತ್ತೆ ಬಂದ ದಿನ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ. ಇಂಗ್ಲಿಷ್ ಒಂದಕ್ಷರ ತಿಳಿಯದು, ಆದರೂ ನಿಂತ.

ಹೊಲದ ಆಸೆ ಎನ್ನಬೇಡಿ. ಆಸೆಯಾಗಿದ್ದರೆ ಅಂದಾನಪ್ಪನನ್ನು ಬೈದು ಸುಮ್ಮನಾಗಬಹುದಿತ್ತು. ಅಪ್ಪ ಸತ್ತಾಗ ಇಡೀ ಮನೆಯ ದುಃಖವನ್ನು ಒಬ್ಬನೇ ಹೊತ್ತು ನಿಂತಿದ್ದ ಅವನು. ತಮ್ಮನೂ ಸಾವಿರಾರು ಹರದಾರಿ ದೂರ ಒಬ್ಬನೇ ಅಳುತ್ತಿರಬೇಕು ಎಂದು ನೆನೆದು ಸಮಾಧಾನ ಪಟ್ಟುಕೊಂಡಿದ್ದ. ತಮ್ಮ ಒಬ್ಬನೇ ಇರಲಿಲ್ಲ, ಸುತ್ತಲೂ ಅಣ್ಣತಮ್ಮಂದಿರಿದ್ದರು ಎಂದು ಈಗ ಗೊತ್ತಾಗಿ ಅವನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ನಾಲ್ಕು ಜನರ ಮುಂದೆ ತಮ್ಮ ತನ್ನ ಕಾಲು ಹಿಡಿದು, ನನಗೆ ನಿನ್ನ ಬಿಟ್ಟು ಬೇರೆ ಅಣ್ಣನಿಲ್ಲ ಎನ್ನಬೇಕು. ಅವನಿಗೆ ಬೇಕಾಗಿದ್ದು ಅದಿಷ್ಟೇ.

ಅದಕ್ಕಾಗಿ ಬಸ್ಸು ಹತ್ತಿ ರೋಣಕ್ಕೆ ಹೋದ. ಅಲ್ಲಿ ಅವನ ಸೋದರಮಾವ ಮಲ್ಲೇಶಪ್ಪ ಇದ್ದ. ಮುದುಕವ್ವನ ತಮ್ಮ, ಸುತ್ತಿನ ಹಳ್ಳಿಗಳಲ್ಲಿ ದತ್ತಕ, ಪಾಲು ಎಂದರೆ ಅವನನ್ನೇ ಕರೆಯುತ್ತಿದ್ದರು. ಎಲ್ಲ ಕೇಳಿ ಮಲ್ಲೇಶಪ್ಪ ಗದ್ದ ತುರಿಸಿಕೊಂಡ. "ನೀ ಹೇಳೂದು ಖರೇ ಇದ್ರ, ಕೇಳಬೇಕಾದ ಮಾತ ಒಂದೈತಿ. ಮಂದೀನ ಕೂಡಸು, ಬರ್ತೀನಿ" ಎಂದ.

ಸೋಮವಾರ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಮಲ್ಲೇಶಪ್ಪ, ಓಣಿಯ ಇಬ್ಬರು ಹಿರಿಯರು, ಗೋಡೆಗೆ ಒರಗಿ ಅಂದಾನಪ್ಪ. ಹೊಲದಿಂದ ಬಂದ ಅಜ್ಜಪ್ಪ ಕಾಲು ತೊಳೆದುಕೊಂಡು, ಯಾರದೋ ಮದುವೆ ಮಾತು ಇರಬೇಕೆಂದು ನಗುತ್ತಲೇ ಕೂತ.

"ಅಮೇರಿಕದಾಗ ಬ್ಯಾರೆ ಮನ್ಯಾವ್ರು ನಿನ್ನ ಒಳಗ ತಗೊಂಡ್ರೇನಪ?" ಎಂದ ಮಲ್ಲೇಶಪ್ಪ.

"ಹೌದ್ರಿ ಮಾವ."

"ದೀಪದ ಮ್ಯಾಲ ಆಣಿ ಮಾಡೀಯೇನು? ಹೆಸರ ಬದಲಿಸಿದ್ರೇನು?"

"ಹೌದು." ಅಜ್ಜಪ್ಪ ಇನ್ನೂ ನಗುತ್ತಿದ್ದ.

"ಆ ಮನಿ ಪಾಲ ತಗೊಂಡೀಯೇನು?"

ಆಗ ಅಜ್ಜಪ್ಪ ಮಾವನನ್ನು ಬಿಟ್ಟು ಅಣ್ಣನ ಮುಖ ನೋಡಿದ. ಅಂದಾನಪ್ಪ ಜಮಖಾನೆಯ ಅಂಚು ನೋಡುತ್ತಿದ್ದ. ಸಭೆ ಯಾತಕ್ಕೆ ಸೇರಿದೆ, ಯಾರು ಸೇರಿಸಿದ್ದು ಎನ್ನುವುದು ಅಜ್ಜಪ್ಪನಿಗೆ ತಿಳಿಯಿತು. ನಗು ನಿಂತಿತು.

"ತಗೊಂಡೀನಿ" ಎಂದ. ಕಾಲೂ ಹಿಡಿಯಲಿಲ್ಲ, ಬಿಡಿಸಿ ಹೇಳಲೂ ಹೋಗಲಿಲ್ಲ.

"ಹಂಗಾದ್ರ ಒಂದ ಉಳೀತು" ಎಂದ ಮಲ್ಲೇಶಪ್ಪ. "ತಗೊಳ್ಳಾವ್ರು ಇದ್ರ ಸಾಲದು, ಕೊಡಾವ್ರೂ ಬೇಕು. ಅಪ್ಪರ ಅವ್ವರ ಕೈಯಾರೆ ಉಡ್ಯಾಗ ಹಾಕಿದ್ರ ಅದು ದತ್ತಕ. ಅಪ್ಪ ಆವಾಗ ಇರಲಿಲ್ಲ. ಯಕ್ಕಾ, ನೀ ಕೊಟ್ಟೀಯೇನು ಇವನ್ನ?"

ಅಡಿಗೆಮನೆಯ ಹೊಸ್ತಿಲಲ್ಲಿ ಕೂತಿದ್ದ ಮುದುಕವ್ವ ಸೊಸೆಯ ಭುಜ ಹಿಡಿದು ಎದ್ದಳು.

"ಹಡದಾಕಿ ಇನ್ನೂ ಜೀವಂತ ಅದೀನಿ. ಈ ಕೈಲೆ ಅವನ್ನ ಯಾರ ಉಡ್ಯಾಗೂ ಹಾಕಿಲ್ಲ. ನನ್ನ ಮಗಾ ಅಂವಾ."

"ಮುಗೀತ ಹಂಗಾರ. ದತ್ತಕ ಅಲ್ಲ" ಎಂದು ಮಲ್ಲೇಶಪ್ಪ ತೊಡೆ ತಟ್ಟಿದ.

ಸೋತ ಅಂದಾನಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿಸಿದಷ್ಟು ಹಗುರವಾಯಿತು. ತಮ್ಮ ತನ್ನವನೇ! ಎದ್ದು ನಿಂತು, "ಚಾ ಮಾಡ, ಸಕ್ರಿ ಜಾಸ್ತಿ ಹಾಕು" ಎಂದು ಹೆಂಡತಿಗೆ ಕೂಗಿದ. ಅಜ್ಜಪ್ಪ ಮಾತ್ರ ಕೂತಲ್ಲೇ ಇದ್ದ.

"ಮಾವ, ಹೆಂಗೂ ಹಿರ್ಯಾರು ಕೂಡೀರಿ. ನನ್ನ ಪಾಲ ಹಚ್ಚಿ ಕೊಡ್ರಿ."

"ಏನಂದ್ಯೋ?" ಅಂದಾನಪ್ಪ ಗಕ್ಕನೆ ಇತ್ತ ತಿರುಗಿದ.

"ಆ ಹುಡುಗೂರು ಇದ್ದೊಂದ ಮನಿ ಕಳಕೊಂಡ್ರಣ್ಣ. ಆದ್ರ ನೀ ಯಾರವ, ನಮ್ಮವ ಹೌದೋ ಅಲ್ಲೋ ಅಂತ ಒಬ್ಬರನ್ನೊಬ್ಬರು ಕೇಳಲಿಲ್ಲ. ಮನಿ ಗಟ್ಟಿ ಇದ್ದೂ ನೀ ಕೇಳಿದಿ. ಮಂದೀನ ಕೂಡಿಸಿ ಕೇಳಿದಿ. ನನಗ ಯಾವಗಲ್ ಹೊಲ, ಅಲ್ಲಿರೂ ಹೊಲದ ಮನಿ ಕೊಟ್ಟಬಿಡು. ಬಾಕಿ ಎಲ್ಲಾ ನೀನ ಇಟ್ಕೋ."

ಅಂದಾನಪ್ಪ ಏನೇನೋ ಹೇಳಿದ. ತಪ್ಪಾಯಿತು ಎಂದ, ಮಾವನ ಮೇಲೆ ಹಾಕಿದ, ಕಟ್ಟಿಗೆಯ ಮೇಲೆ ಹಾಕಿದ. ಅಜ್ಜಪ್ಪ ಅಲುಗಲಿಲ್ಲ. ಕೊನೆಗೆ ಮಲ್ಲೇಶಪ್ಪ ನಿಟ್ಟುಸಿರು ಬಿಟ್ಟು, ಪಾಲಿನ ಮಾತಿಗೆ ಕೂತಾಗ ಎಲ್ಲಕ್ಕೂ ಮೊದಲು ಕೇಳುವ ಮಾತನ್ನು ಕೇಳಿದ. "ಯಕ್ಕಾ, ನೀ ಯಾರ ಕಡೆ ಇರಾಕಿ?"

ಇದೊಂದು ವಿಷಯದಲ್ಲಿ ಅಂದಾನಪ್ಪನಿಗೆ ಧೈರ್ಯವಿತ್ತು. ಅವ್ವ ಮದುವೆಯಾಗಿ ಬಂದದ್ದು ಈ ಮನೆಗೆ. ಅವಳ ಮೊಮ್ಮಕ್ಕಳು ಇಲ್ಲಿದ್ದಾರೆ, ಬಿಸಿರೊಟ್ಟಿ ಮಾಡಿಕೊಡುವ ಸೊಸೆ ಇಲ್ಲಿದ್ದಾಳೆ. ಹೊಲದ ಮನೆಯಲ್ಲಿ ಹೆಂಗಸರೇ ಇಲ್ಲ. ಅವಳು ಇಲ್ಲಿ ಉಳಿದರೆ ತಮ್ಮನೂ ಇಂದಲ್ಲ ನಾಳೆ ತಿರುಗಿ ಬರುತ್ತಾನೆ.

"ನಾ ಅಜ್ಜಪ್ಪನ ಕೂಡ ಹೋಗ್ತೀನಿ" ಎಂದಳು ಮುದುಕವ್ವ.

"ಯವ್ವಾ! ಅಲ್ಲೇನೈತಿ ನಿನಗ?"

"ಏನೂ ಇಲ್ಲ. ಆದ್ರ ಇವತ್ತ ಮಲ್ಲೇಶಿ ಕೇಳಿದ, ನಾ ಹೇಳಿದ್ನಿ. ನಾ ಸತ್ತ ಮ್ಯಾಲ ಮತ್ತ ಯಾರರ ಕೇಳಿದ್ರ ಅವನ ಕಡೆ ಹೇಳಾವ್ರು ಯಾರು? ಮುದುಕಿ ಕಡೀಕ ಅವನ ಮನ್ಯಾಗ ಇದ್ಲು, ಅವನ ಕೈಯಾಗ ಹೋದ್ಲು ಅಂತ ಮಂದಿ ನೋಡಿರಲಿ. ಮುಂದ ಯಾರೂ ಅವನ್ನ ಯಾರ ಮಗ ಅಂತ ಕೇಳೂದಿಲ್ಲ."

ಅಂದಾನಪ್ಪ ಅವ್ವನ ಕಾಲ ಬಳಿ ಬಂದು ಕೂತ. ಹಿರಿಯರು ಇದ್ದಾರೆ ಎಂಬ ನಾಚಿಕೆಯೂ ಅವನಿಗೆ ಉಳಿಯಲಿಲ್ಲ.

"ಹಂಗಾದ್ರ ನಾ ಯಾರ ಮಗ ಯವ್ವಾ?"

ಮುದುಕವ್ವ ಅವನ ತಲೆಯ ಮೇಲೆ ಕೈಯಿಟ್ಟಳು.

"ನೀನೂ ನನ್ನ ಮಗನ. ಆದ್ರ ನಿನ್ನ ಯಾರೂ ಹಂಗ ಕೇಳಿಲ್ಲಲ್ಲೋ ಅಂದಾನಿ."