ನೀರಿನೊಳಗಿನ ಓಣಿ

"ನೆರಳು ನೀರಿಗೆ ಬಿತ್ತು ನೋಡು," ಎಂದಳು ಸಿದ್ದಕ್ಕ, ಹಿಂದಿನಿಂದ. "ಹಿಂದ ಸರಿ. ಇನ್ನೂ ಹಿಂದ. ನಾ ಬಂದೇನಿ ಅಂತ ಮೀನಿಗೆ ಡಂಗುರ ಸಾರಾಕತ್ತೀ ಏನ?"

ವೈಶಾಲಿ ಹಿಂದೆ ಸರಿದು ಕುಕ್ಕರಗಾಲಿನಲ್ಲಿ ಕುಳಿತಳು. ಬೆಳಗಿನ ಬಿಸಿಲು ಬೆನ್ನಿಗಿತ್ತು. ಅವಳ ನೆರಳು, ಕೈಯಲ್ಲಿದ್ದ ಗಾಳದ ಬಿದಿರು ಕೋಲಿನ ನೆರಳು ಎರಡೂ ನೀರನ್ನು ಬಿಟ್ಟು ದಂಡೆಯ ಕರಿಮಣ್ಣಿನ ಮೇಲೆ ಬಂದು ನಿಂತವು.

ಅತ್ತೆ ಸಿದ್ದಕ್ಕ ಜಾಲಿಗಿಡದ ಬುಡದಲ್ಲಿ ಕಂಬಳಿ ಮಡಿಸಿ ಹಾಕಿಕೊಂಡು ಕುಳಿತಿದ್ದಳು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ಹಳೆಯ ಸೀರೆ ಹರಿದು ಮಾಡಿದ ಜೋಲಿಯಲ್ಲಿ ಕೈ ಕೊರಳಿಗೆ ನೇತುಬಿದ್ದಿತ್ತು. ಹತ್ತು ದಿನಗಳ ಹಿಂದೆ, ತಾನೇ ಸಾರಿಸಿದ ಅಂಗಳದಲ್ಲಿ ಜಾರಿ ಬಿದ್ದಿದ್ದಳು. "ನಲವತ್ತು ವರ್ಷ ಹೊಳಿ ರಾಡ್ಯಾಗ ಅಡ್ಡಾಡೇನಿ, ಒಮ್ಮೆ ಜಾರಲಿಲ್ಲ. ನನ್ನ ಅಂಗಳನ ನನ್ನ ಕೆಡವಿತು," ಎಂದು ನೋಡಲು ಬಂದವರಿಗೆಲ್ಲ ನಗುತ್ತಲೇ ಹೇಳಿದ್ದಳು.

ಆ ಕೈ ಮುರಿಯದಿದ್ದರೆ ಈ ಕೋಲು ವೈಶಾಲಿಯ ಕೈಗೆ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ವರ್ಷ, ಧೂಳು ಒರೆಸಲೆಂದು ಒಮ್ಮೆ ಅದನ್ನು ಜಂತಿಯಿಂದ ಇಳಿಸಿದ್ದಳು. ಸಿದ್ದಕ್ಕ ಏನೂ ಅನ್ನದೆ ಅವಳ ಕೈಯಿಂದ ತೆಗೆದುಕೊಂಡು ಮತ್ತೆ ಮೇಲಿಟ್ಟಿದ್ದಳು. ಬೈದಿದ್ದರೆ ಮರೆತುಹೋಗುತ್ತಿತ್ತೇನೋ. ಬೈಯದೆ ಇಟ್ಟದ್ದು ಹದಿನಾರು ವರ್ಷ ನೆನಪಿನಲ್ಲಿ ಉಳಿಯಿತು. ಆ ಮನೆಯಲ್ಲಿ ಅಡುಗೆ, ದನ, ಗಂಡ ಹಾಲೇಶನ ಅಂಗಿ, ದೇವರ ಜಗಲಿ, ಎಲ್ಲವನ್ನೂ ಅವಳ ಕೈಗೆ ಒಪ್ಪಿಸಿದ್ದ ಅತ್ತೆ ಅದೊಂದನ್ನು ಮಾತ್ರ ತನಗಾಗಿ ಇಟ್ಟುಕೊಂಡಿದ್ದಳು.

ಈಗ ಬೇರೆ ದಾರಿ ಇರಲಿಲ್ಲ. ಸಿದ್ದಕ್ಕನ ಮಗಳು ಪೂನಮ್ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೊಟ್ಟೆ ಕೊಯ್ದು ತೆಗೆದ ಕೂಸು. ಮೂರು ವಾರವಾದರೂ ಹೊಲಿಗೆ ಒಂದು ಕಡೆ ಒಣಗಿರಲಿಲ್ಲ. ಡಾಕ್ಟರು ಗುಳಿಗೆ ಬರೆದುಕೊಟ್ಟು, ಹೊಟ್ಟೆ ತುಂಬ ಉಣ್ಣಬೇಕು ಎಂದಿದ್ದರು. ಆದರೆ ಅವಳಿಗೆ ಊಟವೇ ಬೇಡವಾಗಿತ್ತು. ಸಜ್ಜಕ ಮಾಡಿದರೂ ಅಷ್ಟೇ, ಅಂಟಿನುಂಡಿ ಕಟ್ಟಿದರೂ ಅಷ್ಟೇ, ಎರಡು ತುತ್ತಿಗೆ ತಾಟು ಸರಿಸುತ್ತಿದ್ದಳು. ಕೂಸು ಹಾಲು ಸಾಲದೆ ಅತ್ತರೆ ಅವಳೂ ಅಳುತ್ತಿದ್ದಳು. ಕೊನೆಗೆ ಒಂದು ಮಧ್ಯಾಹ್ನ ತಾನಾಗಿ ಬಾಯಿಬಿಟ್ಟು ಕೇಳಿದ್ದಳು. "ಯವ್ವಾ, ಮರಲ್ ಮೀನಿನ ಸಾರು ಮಾಡ. ಅದಾದ್ರ ಉಣ್ತೇನಿ."

ಹಾವಿನ ತಲೆಯ, ಮುಳ್ಳು ಕಡಿಮೆಯ, ಗಾಯ ಮಾಯಿಸುತ್ತದೆಂದು ಎಲ್ಲರೂ ನಂಬಿದ ಮೀನು. ಪೇಟೆಯಲ್ಲಿ ಸಿಗುವುದೆಲ್ಲ ಸಾಕಿದ ಕಾಟ್ಲಾ. ಹೊಸ ನೀರು ಬಂದಿದ್ದರಿಂದ ಬಲೆಯವರೂ ನೀರಿಗಿಳಿದಿರಲಿಲ್ಲ. ಮೂರು ದಿನದಿಂದ ಅತ್ತೆ ಸೊಸೆ ಇಬ್ಬರೂ ಹಿನ್ನೀರಿನ ದಂಡೆಗೆ ಬಂದು ಬರಿಗೈಯಲ್ಲಿ ಹೋಗುತ್ತಿದ್ದರು. "ಸೊಸಿಗೆ ಸಾಲಿ ಹಚ್ಚೀ ಏನ ಸಿದ್ದಕ್ಕಾ? ಪಾಸ್ ಆದ್ಲೋ ಇಲ್ಲೋ?" ಎಂದು ಪಕ್ಕದ ಮನೆಯ ಅನಸವ್ವ ದಿನಾ ಬಾಗಿಲಲ್ಲಿ ನಿಂತು ಕೇಳುವಳು. ಮೊದಲ ದಿನ ಪೂನಮ್ "ಸಿಕ್ತೇನ ವೈನಿ?" ಅಂದಿದ್ದಳು. ಎರಡನೆಯ ದಿನ ಕೈಚೀಲವನ್ನು ಮಾತ್ರ ನೋಡಿದಳು. ನಿನ್ನೆ ಗೋಡೆಯ ಕಡೆ ಹೊರಳಿ ಮಲಗಿದಳು.

ನಾಳೆ ಅಮಾವಾಸ್ಯೆ. ಅಲ್ಲಿಂದಾಚೆ ಶ್ರಾವಣ. ಒಂದು ತಿಂಗಳು ಆ ಮನೆಯ ಒಲೆಯ ಮೇಲೆ ಮೀನು ಮಾಂಸ ಏರುವುದಿಲ್ಲ. ಮನೆದೇವರು ಬೀರಪ್ಪನ ಹೆಸರಿನಲ್ಲಿ ಸಿದ್ದಕ್ಕನ ಅತ್ತೆಯ ಕಾಲದಿಂದ ನಡೆದು ಬಂದ ನೇಮ. ಸಿಕ್ಕರೆ ಇವತ್ತೇ ಸಿಗಬೇಕು.

"ಗಾಳ ಕುಣಿಸಬ್ಯಾಡ," ಎಂದಳು ಸಿದ್ದಕ್ಕ. "ಕಪ್ಪಿ ತಾನ ಈಜಲಿ. ನಿನ್ನ ಕೈ ಸುಮ್ಮ ಇರಲಿ."

ಗಾಳಕ್ಕೆ ಸಿಕ್ಕಿಸುವ ಕಪ್ಪೆಯನ್ನು ಮುಟ್ಟಲು ವೈಶಾಲಿಗೆ ಮೈ ಜುಮ್ಮೆನ್ನುತ್ತಿತ್ತು. ಮೂರು ದಿನದಲ್ಲಿ ಅದೊಂದು ಹೋಗಿತ್ತು. ಬೇರೆ ತಪ್ಪುಗಳನ್ನೆಲ್ಲ ಸಾಲಾಗಿ ಮಾಡಿ ಮುಗಿಸಿದ್ದಳು. ಮೊದಲ ದಿನ ಮೀನು ಕಚ್ಚಿದ ಕೂಡಲೇ ಎಳೆದಳು. ಕಪ್ಪೆ ಅಷ್ಟೇ ಮೇಲೆ ಬಂತು. "ಬಾಯಾಗ ಹಿಡದೈತಿ, ನುಂಗಿಲ್ಲ. ಹೊಳ್ಳಿ ತನ್ನ ಮನಿ ಕಡೆ ಹೊಂಟಾಗ ಎಳಿ," ಎಂದಿದ್ದಳು ಅತ್ತೆ. ಮರುದಿನ ಮೀನು ಉಸಿರಿಗೆ ಮೇಲೆ ಬಂದದ್ದು ಕಂಡು ಸರಿಯಾಗಿ ಅದರ ತಲೆಯ ಮೇಲೇ ಗಾಳ ಎಸೆದಳು. "ಉಣ್ಣಾಕ ಕುಂತವರ ನೆತ್ತಿ ಮ್ಯಾಲ ತಾಟು ಒಗದ್ರ ಉಣ್ತಾರೇನ? ಒಂದು ಮಾರು ಮುಂದ ಒಗಿ."

ಆದರೆ ಸಿದ್ದಕ್ಕನ ವಿದ್ಯೆಯಲ್ಲಿ ದೊಡ್ಡದು ಇದ್ಯಾವುದೂ ಅಲ್ಲ. ಆ ನೀರಿನ ಕೆಳಗೆ ಅವಳ ಊರಿತ್ತು. ಆಣೆಕಟ್ಟಿನ ನೀರು ಏರಿ ಊರು ಮುಳುಗಿದಾಗ ಎಲ್ಲರೂ ಗುಡ್ಡದ ಮೇಲಿನ ಹೊಸ ಊರಿಗೆ ಬಂದರು. ವೈಶಾಲಿ ತೇರದಾಳದಿಂದ ಸೊಸೆಯಾಗಿ ಬಂದದ್ದು ಆ ಹೊಸ ಮನೆಗೇ. ಪ್ರತಿ ಬೇಸಿಗೆಗೆ ನೀರು ಇಳಿದು ಅಡಿಪಾಯದ ಕಲ್ಲು, ಬಾವಿಯ ಮೆಟ್ಟಿಲು ತಲೆ ಎತ್ತುತ್ತಿದ್ದವು. ಆಗ ಸಿದ್ದಕ್ಕ ಒಬ್ಬಳೇ ಹೋಗಿ ಸುತ್ತಾಡಿ ಬರುತ್ತಿದ್ದಳು. ಹಳೆಯ ಮನೆಯ ಮೋಹ ಅಂದುಕೊಂಡಿದ್ದಳು ವೈಶಾಲಿ. ಈ ಮೂರು ದಿನದಲ್ಲಿ ತಿಳಿಯಿತು, ಅವಳು ಮಳೆಗಾಲಕ್ಕೆ ತಯಾರಿ ಮಾಡುತ್ತಿದ್ದಳು. ಯಾವ ಗೋಡೆ ಕುಸಿಯಿತು, ಎಲ್ಲಿ ಹೊಸ ಸಂದು ಬಿತ್ತು, ಯಾವ ಗಿಡ ಒಣಗಿ ನಿಂತಿದೆ.

"ಮೀನ ಬಯಲಾಗ ಇರಂಗಿಲ್ಲ ವೈಶಾಲಿ. ಅದಕ್ಕೂ ಬೆನ್ನಿಗೊಂದು ಗ್ವಾಡಿ ಬೇಕು," ಎಂದು ಎಡಗೈ ಚಾಚಿ, ಬರೀ ನೀರು ಕಾಣುವಲ್ಲಿ ಓಣಿ ತೋರಿಸುತ್ತಿದ್ದಳು. "ಅಲ್ಲಿ ಒಣಗಿದ ಗಿಡ ಕಾಣತೈತಲ್ಲ, ಅದು ಸಾಲಿ ಹಿಂದ. ಅದರ ಬಲಕ್ಕ ನಮ್ಮ ಕೊಟಗಿ. ಅದರಾಚೆ ಹುಲೆಪ್ಪನ ಬಾಂವಿ. ಅವನ ಬಾಂವಿಗೆ ಮೆಟ್ಟಲಾ ಹದಿನಾಲ್ಕು. ಏಳನೇದು ಒಡದೈತಿ." ಕನ್ನಡಕವಿಲ್ಲದೆ ಎದುರಿನವರ ಮುಖ ಗುರುತಿಸಲಾರದವಳು ನೀರಿನೊಳಗಿನ ಒಡೆದ ಮೆಟ್ಟಿಲು ಬಲ್ಲವಳಾಗಿದ್ದಳು. ಅದನ್ನು ಕೇಳುತ್ತ ವೈಶಾಲಿಗೆ, ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕುಳಿತೂ ತಾನು ಈ ಹೆಂಗಸನ್ನು ನೋಡಿಯೇ ಇರಲಿಲ್ಲ ಅನ್ನಿಸಿತು.

ಇವತ್ತು ಮಾತ್ರ ಸಿದ್ದಕ್ಕ ಓಣಿಯ ಕಡೆ ಕರೆದುಕೊಂಡು ಹೋಗಲಿಲ್ಲ. "ರಸ್ತೆ ಕಡೆ ಹೋಗೂಣು," ಎಂದಳು. ಹಳೆಯ ಡಾಂಬರು ರಸ್ತೆ ಇಳಿಜಾರಾಗಿ ನೀರಿಗೆ ಇಳಿಯುವ ಜಾಗ. ಆಚೀಚೆ ಎತ್ತರದ ಆಪು ಹುಲ್ಲು ಬೆಳೆದಿತ್ತು.

ಆಪಿನ ಅಂಚಿನಲ್ಲಿ ನೀರು ಒಂದು ಮೊರದಷ್ಟು ಅಗಲ ಕೆಂಪಾಗಿರುವುದನ್ನು ವೈಶಾಲಿ ಆಗ ನೋಡಿದಳು. ಯಾರೋ ಕುಂಕುಮ ಕದಡಿದಂತಿತ್ತು. ಅಕ್ಕಿ ಕುದಿಯುವ ಹಾಗೆ ಅಲ್ಲಿ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಸಣ್ಣ ಮೀನಿದ್ದಲ್ಲಿ ದೊಡ್ಡದು ಇದ್ದೀತು ಎಂದುಕೊಂಡು, ಒಂದು ಮಾರು ಆಚೆ ಗಾಳ ಹಾಕಿ ಕಪ್ಪೆಯನ್ನು ಮೆಲ್ಲಗೆ ಆ ಕೆಂಪಿನ ಹತ್ತಿರ ತಂದಳು.

ಕಾಯಬೇಕಾಗಲೇ ಇಲ್ಲ. ನೀರು ಒಡೆಯಿತು. ಕೋಲು ಕೈಯಿಂದ ಕಿತ್ತುಹೋಗುವಂತೆ ಬಾಗಿತು. ಎರಡೂ ಕೈಯಲ್ಲಿ ಹಿಡಿದು ವೈಶಾಲಿ ಹಿಂದಕ್ಕೆ ನಡೆದಳು. ಮುಖದಲ್ಲಿ ನಗು ಬಂದಿತ್ತು. ದಾರ ಅತ್ತ ಇತ್ತ ಕೊಯ್ದಾಡಿ, ಕೊನೆಗೆ ಸೋತು, ಡಾಂಬರಿನ ಮೇಲಿನ ಗೇಣು ಆಳದ ನೀರಿಗೆ ಮೀನು ಬಂತು. ಅವಳ ಇಡೀ ತೋಳಿನಷ್ಟು ಉದ್ದ. ಕರಿ ಬೆನ್ನು, ಬಿಳಿ ಹೊಟ್ಟೆ. ಎರಡು ಗಡಿಗೆ ಸಾರು.

"ಬಂತೇನ?" ಎಂದಳು ಸಿದ್ದಕ್ಕ ಗಿಡದ ಬುಡದಿಂದ. ಧ್ವನಿ ಯಾಕೋ ಸಣ್ಣದಾಗಿತ್ತು.

ವೈಶಾಲಿ ಮೀನಿಗೆ ಕೈ ಹಾಕಲು ಬಾಗಿದಳು. ಕೆಂಪು ಕೂಡ ಬಂದಿತ್ತು. ಆಳದ ನೀರು ಬಿಟ್ಟು, ಆಪು ದಾಟಿ, ಮೀನಿನ ಬೆನ್ನು ಹತ್ತಿ ಅವಳ ಕಾಲಬೆರಳಿನವರೆಗೆ ಬಂದಿತ್ತು. ಗೋಧಿಕಾಳಿನಷ್ಟು ದಪ್ಪದ ನೂರಾರು ಕೆಂಪು ಮರಿಗಳು. ಅವು ಬಿದ್ದಿದ್ದ ತಾಯಿಯ ಪಕ್ಕೆಗೆ, ಗಾಳ ಸಿಕ್ಕ ಬಾಯಿಯ ಸುತ್ತ ಮುತ್ತಿಕೊಂಡು ನಿಂತವು. ಕೆಲವು ಅವಳ ಹಿಮ್ಮಡಿಯನ್ನು ಮುಟ್ಟಿ ನೋಡಿದವು.

ವೈಶಾಲಿಯ ಅಪ್ಪ ಗಿರಮಲ್ಲಪ್ಪ ಕುರಿ ಕಾಯುವವನು. ಒಮ್ಮೆ ಮುಧೋಳದಿಂದ ಬಂದ ವ್ಯಾಪಾರಿಗೆ ಕುರಿ ಆರಿಸಿ ಕೊಟ್ಟು ಬೀಳ್ಕೊಟ್ಟಿದ್ದ. ಸಂಜೆ ಹಟ್ಟಿಯಲ್ಲಿ ಒಂದು ಮರಿ ಒದರತೊಡಗಿತು. ಹಾಲು ಬಿಡದ ಮರಿಯ ತಾಯಿಯನ್ನು ಕೊಡುವುದು ತಮ್ಮ ಮಂದಿಯಲ್ಲಿಲ್ಲ. ಅಪ್ಪ ಉಣ್ಣದೆ ಎದ್ದು, ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು, ತಾಯಿಗೆ ಬದಲಾಗಿ ಬೇರೊಂದು ಕುರಿಯನ್ನು ಹಗ್ಗದಲ್ಲಿ ಹಿಡಿದು ಮುಧೋಳದ ದಾರಿ ಹಿಡಿದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

ಆದರೆ ಇಲ್ಲಿ ಬದಲಿಗೆ ಹಿಡಿದುಕೊಳ್ಳಲು ಬೇರೊಂದು ಇರಲಿಲ್ಲ. ಗೋಡೆಯ ಕಡೆ ಹೊರಳಿದ ಪೂನಮ್ಮಳ ಬೆನ್ನು ಕಣ್ಣಿಗೆ ಕಟ್ಟಿತು. ಅತ್ತೆಗೆ ಇಷ್ಟು ದೂರದಿಂದ ಮರಿ ಕಾಣುವುದಿಲ್ಲ. ಎತ್ತಿ ಚೀಲಕ್ಕೆ ಹಾಕಿದರೆ ಯಾರೂ ಕೇಳುವವರಿಲ್ಲ. ಮನೆಯಲ್ಲಿ ಎಲ್ಲರೂ ಹೊಗಳುತ್ತಾರೆ. ಅಷ್ಟೆಲ್ಲ ಯೋಚಿಸಿದ್ದು ಹೌದು. ಯೋಚಿಸುತ್ತಿರುವಾಗಲೇ ಅವಳ ಕೈ ಮೀನಿನ ದವಡೆ ಹಿಡಿದು, ಕೊಕ್ಕೆ ಬಂದ ದಾರಿಯಲ್ಲೇ ಅದನ್ನು ಹಿಂದಕ್ಕೆ ತಿರುಗಿಸುತ್ತಿತ್ತು. ಎರಡೂ ಅಂಗೈಯಲ್ಲಿ ಮೀನನ್ನು ಒಂದಿಷ್ಟು ಹೊತ್ತು ಆಳದ ಕಡೆ ಮುಖ ಮಾಡಿ ಹಿಡಿದಳು. ಅದು ಬಾಲ ಬಡಿದು ಹೋಯಿತು. ಕೆಂಪು ಅದರ ಹಿಂದೆ ಹೋಯಿತು.

"ಏನಾತು?"

"ಹೋತ್ರಿ ಅತ್ತಿ."

"ಕೈ ಜಾರಿತೇನ?"

ಹೂಂ ಅಂದರೆ ಮುಗಿಯುತ್ತಿತ್ತು. "ಇಲ್ಲರಿ. ನಾನ ಬಿಟ್ಟೆ. ಮರಿ ಇದ್ದೂರಿ," ಎಂದಳು ವೈಶಾಲಿ. ಹತ್ತಿರ ಬಂದು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ನಿಂತಳು. ಬೈಗುಳಕ್ಕೆ ತಯಾರಾಗಿದ್ದಳು.

ಸಿದ್ದಕ್ಕ ಪ್ಲಾಸ್ಟರಿನ ತುದಿಯಿಂದ ಹೊರಗಿದ್ದ ಬೆರಳುಗಳನ್ನು ನೋಡಿಕೊಳ್ಳುತ್ತ ಕುಳಿತಳು. ಆಮೇಲೆ, "ಆ ಕೆಂಪು ನಾ ನಿನ್ನೆನ ನೋಡಿದ್ದೆ," ಎಂದಳು.

ವೈಶಾಲಿ ಆಪಿನ ಕಡೆ ತಿರುಗಿ ನೋಡಿದಳು.

"ಹೊಳ್ಳಿ ಹೋಗೂಮುಂದ ನೀ ಮುಂದಿದ್ದಿ. ನಾ ಇಲ್ಲಿ ನೀರಿನ ಅಂಚಿಗೆ ನಿಂತು ನೋಡಿದೆ. ಮರಿ ಕಾಯೂ ಮರಲ್ ಸನೇಕ ಏನ ಬಂದ್ರೂ ಮ್ಯಾಲ ಬೀಳತೈತಿ. ಅದಕ ಹಸಿವಿ ಬೇಕಿಲ್ಲ. ಹೊಸ ಕೈಗೂ ಸಿಗತೈತಿ." ಸ್ವಲ್ಪ ತಡೆದು ಹೇಳಿದಳು. "ನಲವತ್ತು ವರ್ಷದಾಗ ನಾ ಅಂಥಾದ್ದು ಒಂದೂ ತಗದಿಲ್ಲ. ನಿನಗ ಎಲ್ಲಾ ಹೇಳಿದೆ, ಇದೊಂದ ಹೇಳಲಿಲ್ಲ. ಮಗಳ ಮಾರಿ ನೋಡಿ ಬಾಯಿ ಬರಲಿಲ್ಲ. ನಿನ್ನ ಕೈಲೆ ತಗಸಾಕ ಕುಂತಿದ್ದೆ."

ಗಾಳಿಗೆ ಆಪು ಸರಸರ ಅಂದಿತು. ಅತ್ತೆ ತಲೆ ಎತ್ತದೆ ಹೇಳಿದ ಆ ಮಾತು ವೈಶಾಲಿಗೆ, ಹದಿನಾಲ್ಕು ಮೆಟ್ಟಿಲು ನೆನಪಿಟ್ಟದ್ದಕ್ಕಿಂತ ದೊಡ್ಡದೆನಿಸಿತು. ಸಿದ್ದಕ್ಕನಿಗೂ ಸುಮ್ಮನಿದ್ದರೆ ಮುಗಿಯುತ್ತಿತ್ತು.

"ಬಿಸಲ ಏರಾಕತ್ತೈತ್ರಿ," ಎಂದಳು ವೈಶಾಲಿ. "ಇನ್ನ ಎಲ್ಲೆ ಕುಂದ್ರೂಣು ಹೇಳ್ರಿ."

"ನೀ ಹೇಳ."

ವೈಶಾಲಿ ನೀರನ್ನು ನೋಡಿದಳು. ಬರೀ ನೀರು. ಆಮೇಲೆ ಒಣಗಿದ ಗಿಡದಿಂದ ಎಣಿಸಿದಳು. ಶಾಲೆ. ಅದರ ಬಲಕ್ಕೆ ಕೊಟ್ಟಿಗೆ. ಆಚೆ ಹುಲೆಪ್ಪನ ಬಾವಿ. ಗಾಳಿ ಆ ಕಡೆ ಬೀಸುತ್ತಿದ್ದರಿಂದ ನೀರಿನ ಕಸವೆಲ್ಲ ಅಲ್ಲಿ ಬಾವಿಯ ಮೇಲೆ ಹೋಗಿ ನಿಂತಿತ್ತು. ಕಸದ ಕೆಳಗೆ ನೆರಳು. ನೆರಳಿನ ಕೆಳಗೆ ಒಡೆದ ಮೆಟ್ಟಿಲಿನ ಸಂದು. ಏರುಬಿಸಿಲಿಗೆ ತಾನು ಮೀನಾಗಿದ್ದರೆ ಅಲ್ಲಿಯೇ ಇರುತ್ತಿದ್ದಳು.

"ಬಾಂವಿ," ಎಂದಳು. ಸಿದ್ದಕ್ಕ ಎಡಗೈ ಊರಿ ಎದ್ದಳು.

ಅಲ್ಲಿ ಒಂದು ಗಂಟೆಗೂ ಮೇಲೆ ಕುಳಿತರು. ಅತ್ತೆ ಒಂದೂ ಮಾತು ಹೇಳಿಕೊಡಲಿಲ್ಲ. ಒಂದು ಗುಳ್ಳೆ ಎದ್ದು ಒಡೆಯಿತು, ಮರಿಯಿಲ್ಲದ ಒಂಟಿ ಉಸಿರು. ವೈಶಾಲಿ ಅದರ ಆಚೆ ಗಾಳ ಬಿಟ್ಟಳು. ಕೈ ಸುಮ್ಮನಿತ್ತು. ದಾರ ಒಮ್ಮೆ ಅದುರಿತು. ಎಳೆಯಲಿಲ್ಲ. ಮತ್ತೆ ಅದುರಿತು. ಆಗಲೂ ಎಳೆಯಲಿಲ್ಲ. ಆಮೇಲೆ ದಾರ ಆತುರವಿಲ್ಲದೆ, ಮನೆಗೆ ಹೊರಟವರ ಹಾಗೆ, ಏಳನೆಯ ಮೆಟ್ಟಿಲಿನ ಕಡೆ ಸರಿಯತೊಡಗಿತು. ಆಗ ಎಳೆದಳು.

ಮಣಿಕಟ್ಟಿನಿಂದ ಮೊಣಕೈವರೆಗಿನಷ್ಟು ಉದ್ದದ ಮೀನು. ಸಿದ್ದಕ್ಕ ಎಡಗೈಯಲ್ಲಿ ತೂಗಿ ನೋಡಿ, "ಒಂದ ಗಡಿಗಿಗೆ ಸಾಕು," ಎಂದಳು.

ಮಧ್ಯಾಹ್ನ ಪೂನಮ್ ಎದ್ದು ಗೋಡೆಗೆ ಒರಗಿ ಕುಳಿತು, ಬಿಸಿ ಸಾರಿನಲ್ಲಿ ಜೋಳದ ರೊಟ್ಟಿ ಮುರಿದುಕೊಂಡು ಉಂಡಳು. ಬಟ್ಟಲು ಬರಿದಾದ ಮೇಲೆ ಬೆರಳಿನಿಂದ ಅದರ ಅಂಚು ಒರೆಸಿ ನೆಕ್ಕಿದಳು. "ಖರೆ ಹೇಳ ಬೇ ಯವ್ವಾ, ವೈನಿ ಹಿಡದಾಳೇನ? ಹಲ್ಲಿ ಕಂಡ್ರ ಓಡಾಕಿ."

"ಎರಡ ಹಿಡದಾಳ," ಎಂದಳು ಸಿದ್ದಕ್ಕ. "ಒಂದ ಮನಿಗೆ ತಂದಾಳ."

ಸಂಜೆ ವೈಶಾಲಿ ಪಾತ್ರೆ ತಿಕ್ಕುತ್ತಿದ್ದಾಗ ಪಡಸಾಲೆಯಿಂದ ಟಕ್ ಟಕ್ ಎಂದು ಸಪ್ಪಳ ಕೇಳಿಸಿತು. ನಿಂತು ನಿಂತು ಬರುವ, ರೂಢಿಯಿಲ್ಲದ ಕೈಯ ಸಪ್ಪಳ. ಹಣಿಕಿ ನೋಡಿದಳು. ಸಿದ್ದಕ್ಕ ಎಡಗೈಯಲ್ಲಿ ಕಲ್ಲು ಹಿಡಿದು ಗೋಡೆಗೆ ಗೂಟ ಬಡಿಯುತ್ತಿದ್ದಳು. ಒಂದು ಆಗಲೇ ಕೂತಿತ್ತು, ಇದು ಎರಡನೆಯದು. ಜಂತಿಯಿಂದ ಬಹಳ ಕೆಳಗೆ, ವೈಶಾಲಿಯ ಹೆಗಲಿನೆತ್ತರಕ್ಕೆ. ತೊಳೆದ ಬಿದಿರು ಕೋಲು ಬಾಗಿಲ ಬದಿಗೆ ಒರಗಿ ನೀರು ಸೋರಿಸುತ್ತಿತ್ತು. ಸಪ್ಪಳಕ್ಕೆ ತೊಟ್ಟಿಲಲ್ಲಿ ಕೂಸು ಒಮ್ಮೆ ಬೆಚ್ಚಿ, ಮುಷ್ಟಿ ಬಿಚ್ಚಿ, ಮತ್ತೆ ಮಲಗಿತು.