ಎಳೆದರೆ ತೆರೆಯುವ ಚೀಲ

೧

ಕಥೆಯನ್ನು ಚೀಲದಿಂದ ಶುರು ಮಾಡಬೇಕೋ, ಚೀಲ ತುಂಬಿದವಳಿಂದಲೋ? ಬೆಳಗ್ಗೆಯಿಂದ ಇದೇ ತಲೆನೋವು. ಚೀಲದಿಂದ ಶುರು ಮಾಡಿದರೆ ಇದೇನು ಲಗೇಜಿನ ಜಾಹೀರಾತೇ ಎಂದು ನೀವು ಪುಟ ಮಗುಚುತ್ತೀರಿ. ತುಂಬಿದವಳಿಂದ ಶುರು ಮಾಡೋಣವೆಂದರೆ ಅವಳು ಒಪ್ಪುವ ಪೈಕಿ ಅಲ್ಲ. ತನ್ನ ಬಗ್ಗೆ ಯಾರಾದರೂ ಎರಡು ಮಾತಾಡಿದರೆ ಅವಳ ಕಿವಿ ಕೆಂಪಾಗುತ್ತದೆ.

ಮೊದಲ ಡ್ರಾಫ್ಟ್ ಹೀಗಿತ್ತು: "ಮುಂಜಾನೆಯ ಹೊಂಬಿಸಿಲಿನಲ್ಲಿ ಇಬ್ಬರು ಮುದ್ದು ಮಕ್ಕಳು ಪಿಕ್‌ನಿಕ್‌ಗೆ ಹೊರಟರು." ಹರಿದು ಹಾಕಿದೆ. (ಹರಿದೆ ಅಂದರೆ ಡಿಲೀಟ್ ಒತ್ತಿದೆ. ಹರಿಯುವ ಸುಖ ಈಗ ಎಲ್ಲಿದೆ.) ಆ ಇಬ್ಬರಲ್ಲಿ ಒಬ್ಬನಿಗೆ ಮೂಗು ಸೋರುತ್ತಿತ್ತು. ಇನ್ನೊಬ್ಬಳು ಚಪ್ಪಲಿಯನ್ನು ಎಡಬಲ ಅದಲುಬದಲು ಮಾಡಿ ಹಾಕಿಕೊಂಡು ಇದೇ ಸರಿ ಎಂದು ವಾದಿಸುತ್ತಿದ್ದಳು. ಹೊಂಬಿಸಿಲಿಗೆ ಅಲ್ಲಿ ಜಾಗವಿರಲಿಲ್ಲ.

೨

ಚೀಲ ತುಂಬಿದವಳು ಮಕ್ಕಳ ತಾಯಿಯ ಅಕ್ಕ, ಆದ್ದರಿಂದ ದೊಡ್ಡಮ್ಮ. ಕಥೆಯಲ್ಲೂ ಅದೇ ಇರಲಿ. ಹುಡುಗಿಗೆ ನಾಲ್ಕೂವರೆ ವರ್ಷ. ಎಲ್ಲದಕ್ಕೂ ಯಾಕೆ ಎನ್ನುವುದರಿಂದ ಮನೆಯಲ್ಲಿ ಅವಳು ಯಾಕಮ್ಮ. ತಮ್ಮನಿಗೆ ಮೂರು, ಅಕ್ಕ ಹೋದಲ್ಲೆಲ್ಲ ಹಿಂದೆಯೇ ಇರುವುದರಿಂದ ಅವನು ಬಾಲ.

ದೊಡ್ಡಮ್ಮನ ಕೆಲಸ ಪ್ಯಾರಾಶೂಟ್ ಮಡಿಸುವುದು. ವಿಮಾನದಿಂದ ಹಾರುವವರ ಬೆನ್ನಿನ ಮೇಲೆ ಎರಡು ಪ್ಯಾರಾಶೂಟ್ ಇರುತ್ತವೆ: ಒಂದು ದಿನಬಳಕೆಯದು, ಇನ್ನೊಂದು ಅದು ಕೈಕೊಟ್ಟರೆ ಇರಲಿ ಎಂದು. ಅವಳು ಮಡಿಸುವುದು ಎರಡನೆಯದನ್ನು. ಉದ್ದನೆಯ ಮೇಜು, ಜಾರುವ ನೈಲಾನ್ ಬಟ್ಟೆ, ಮಡಿಕೆ ಕದಲದಂತೆ ಮೇಲಿಡಲು ಸೀಸದ ಗುಂಡು ತುಂಬಿದ ಪುಟ್ಟ ಪುಟ್ಟ ಚೀಲಗಳು. ಮಡಿಸಿ ಮುಗಿದ ಮೇಲೆ, ಮಡಿಸಲು ಬಳಸಿದ ಕೊಕ್ಕೆ, ಪಿನ್ನು, ದಾರಗಳನ್ನೆಲ್ಲ ಸಾಲಾಗಿಟ್ಟು ಎಣಿಸುತ್ತಾಳೆ. ಒಂದು ಕಡಿಮೆಯಾದರೂ ಅದು ಒಳಗೇ ಉಳಿದಿರಬಹುದು. ಮತ್ತೆ ಎಲ್ಲ ಬಿಚ್ಚಬೇಕು.

ಕೆಲವು ತಿಂಗಳು ಕಳೆದರೆ ಅವು ಸೀಲ್ ಕೂಡ ಒಡೆಯದೆ ಅವಳ ಮೇಜಿಗೇ ವಾಪಸ್ ಬರುತ್ತವೆ. ಬಿಚ್ಚಿ, ಗಾಳಿಗೆ ತೂಗುಹಾಕಿ, ಮತ್ತೆ ಮಡಿಸುತ್ತಾಳೆ. ತಾನು ಮಡಿಸಿದ್ದು ಆಕಾಶದಲ್ಲಿ ತೆರೆದುಕೊಂಡದ್ದನ್ನು ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಕಂಡಿಲ್ಲ. ಕಾಣುವ ಆಸೆಯೂ ಇಲ್ಲ. ತೆರೆಯಿತೆಂದರೆ ಯಾರದೋ ಜೀವ ಅದರಲ್ಲಿ ನೇತಾಡುತ್ತಿದೆ ಎಂದಲ್ಲವೇ. ತನ್ನ ಕೆಲಸ ಯಾರಿಗೂ ಬೇಕಾಗದಿರಲಿ ಎಂದು ಹಾರೈಸುತ್ತಲೇ ಒಂದು ಮಡಿಕೆಯನ್ನೂ ತಪ್ಪಿಸದೆ ಕೆಲಸ ಮಾಡುವವಳು. ಇದು ತಿಳಿದ ದಿನ ನನಗೆ ಮೈ ಜುಂ ಎಂದಿತು. (ನಾನು ಬರೆದದ್ದನ್ನೂ ಯಾರೂ ತೆರೆಯುವುದಿಲ್ಲ. ಅದು ಬೇರೆ ವಿಷಯ.)

೩

ದೊಡ್ಡಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. ಪಾತ್ರಗಳಿಗೆ ಸಲಿಗೆ ಕೊಟ್ಟರೆ ಇದೇ ಗತಿ.

"ಇಷ್ಟೆಲ್ಲ ಯಾಕೆ ಬೇಕಿತ್ತು? ಸಂಬಳ ಕೊಡ್ತಾರೆ, ಮಡಿಸ್ತೀನಿ. ಆಮೇಲೆ ನೀವು ಈ ಬ್ರಾಕೆಟ್ ಜಾಸ್ತಿ ಹಾಕ್ತೀರಿ. ತೆರೆದಿದ್ದನ್ನೆಲ್ಲ ಮುಚ್ಚಿದ್ದೀರಾ, ಎಣಿಸಿ ನೋಡ್ಕೊಳ್ಳಿ."

ಎಣಿಸಿದೆ. ಎಲ್ಲ ಮುಚ್ಚಿದ್ದವು. ಅವಳ ಮುಂದೆ ಮರ್ಯಾದೆ ಉಳಿಯಿತು.

"ತಂಗಿ ವಿಷಯ ಹೇಳಿ," ಎಂದಳು. "ಅದು ಗೊತ್ತಾಗ್ದೆ ಇದ್ರೆ ಚೀಲ ತುಂಬಿದ್ದಕ್ಕೆ ಏನರ್ಥ?"

ಅವಳು ಹೇಳಿದ್ದು ಸರಿ. ತಂಗಿಗೆ ಬೆನ್ನುಮೂಳೆಯ ಆಪರೇಷನ್ ಆಗಬೇಕು, ಆಮೇಲೆ ವಾರಗಟ್ಟಲೆ ಮಲಗಿಯೇ ಇರಬೇಕು. ಮಕ್ಕಳ ಅಪ್ಪ ಹಡಗಿನ ಅಡುಗೆಯವನು, ಸದ್ಯಕ್ಕೆ ಯಾವುದೋ ಸಮುದ್ರದ ನಡುವೆ ಈರುಳ್ಳಿ ಹೆಚ್ಚುತ್ತಿದ್ದಾನೆ. ಮಕ್ಕಳು ದೊಡ್ಡಮ್ಮನ ಬಳಿ ಇರಬಹುದು. ಇಲ್ಲವೇ ಹುಡುಗಿ ಅತ್ತೆಯ ಮನೆಗೆ, ಹುಡುಗ ಚಿಕ್ಕಪ್ಪನ ಮನೆಗೆ. ಒಂದು ಊರು ಈ ತುದಿಗೆ, ಇನ್ನೊಂದು ಆ ತುದಿಗೆ. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವಷ್ಟು ಜಾಗ ಆ ಎರಡು ಮನೆಗಳಲ್ಲೂ ಇಲ್ಲ.

ಆದರೆ ದೊಡ್ಡಮ್ಮ ಒಂಟಿ ಹೆಂಗಸು, ಮಕ್ಕಳನ್ನು ಸಾಕಿ ಗೊತ್ತಿಲ್ಲ. ತಂಗಿ ಅಕ್ಕನ ಮುಖ ನೋಡದೆ ಹೇಳಿದ್ದಳು: "ಒಂದಿನ ಹೊರಗೆ ಕರ್ಕೊಂಡು ಹೋಗ್ಬಾ. ನೋಡೋಣ." ಆ ನೋಡೋಣ ದೊಡ್ಡಮ್ಮನ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತು. ತಂಗಿಯ ಮಂಚದ ಕೆಳಗೆ ಆಸ್ಪತ್ರೆಗೆಂದು ತೆಗೆದಿಟ್ಟ ಸೂಟ್‌ಕೇಸು ಖಾಲಿ ಬಿದ್ದಿತ್ತು. ಅದನ್ನು ತುಂಬಲು ತಂಗಿಗೆ ಮನಸ್ಸು ಬಂದಿರಲಿಲ್ಲ. ಕಸ ಗುಡಿಸುವಾಗಲೂ ಎಲ್ಲರೂ ಅದನ್ನು ಮುಟ್ಟದೆ ಬಳಸಿಕೊಂಡೇ ಹೋಗುತ್ತಿದ್ದರು.

೪

ಈಗ ಚೀಲ ತುಂಬೋಣ.

ಮೂರು ವರ್ಷದ ಮನುಷ್ಯನೊಬ್ಬ ಒಂದು ದಿನ ಮನೆಯಿಂದ ಆಚೆ ಇರಲು ಏನೇನು ಬೇಕು ಎಂಬುದನ್ನು ನೀವು ಎಂದಾದರೂ ಲೆಕ್ಕ ಹಾಕಿದ್ದೀರಾ? ಸಮುದ್ರ ದಾಟುವವರೂ ಅಷ್ಟು ಹೊರುವುದಿಲ್ಲ. ಚಡ್ಡಿ, ಇನ್ನೊಂದು ಚಡ್ಡಿ, ಆ ಚಡ್ಡಿಯೂ ಒದ್ದೆಯಾದರೆ ಮತ್ತೊಂದು. ಟವೆಲ್ಲು, ಮೂಗೊರೆಸುವ ಬಟ್ಟೆ, ಬ್ರೆಡ್ಡಿನ ಡಬ್ಬಿ, ಬಾಳೆಹಣ್ಣು, ಒಬ್ಬಳಿಗೆ ಹಸಿರು ಲೋಟ, ಇನ್ನೊಬ್ಬನಿಗೂ ಹಸಿರೇ ಲೋಟ. ಕಿವಿ ಕಿತ್ತುಹೋದ ಬಟ್ಟೆಯ ಆನೆ. ಬಾಲ ಗೇಟಿನ ಬಳಿ ಹೆಕ್ಕಿ ತಂದ ಒಂದು ಕಲ್ಲು. ಅದು ಯಾಕೆ ಎಂದು ಯಾಕಮ್ಮ ಕೂಡ ಕೇಳಲಿಲ್ಲ. ದೊಡ್ಡಮ್ಮ ಕಲ್ಲನ್ನೂ ಒರೆಸಿ ತೆಗೆದುಕೊಂಡಳು.

ಇಲ್ಲಿ ಅವಳು ತಪ್ಪು ಮಾಡಿದಳು. ಅಂಥ ತಪ್ಪು ಮಾಡಲು ಅವಳಿಂದ ಮಾತ್ರ ಸಾಧ್ಯ. ಮಕ್ಕಳಿಗೆ ಏನು ಬೇಕಾದರೂ ಆ ಕ್ಷಣವೇ ಬೇಕು, ತಡಕಾಡುತ್ತ ಕೂರಲು ಪುರುಸೊತ್ತಿರುವುದಿಲ್ಲ ಎಂದು ಯೋಚಿಸಿದಳು. ಆ ಕ್ಷಣವೇ ಬೇಕಾಗುವುದನ್ನು ಹೇಗೆ ತುಂಬಬೇಕೆಂದು ಅವಳ ಕೈಗೆ ಗೊತ್ತಿತ್ತು. ಹುಲ್ಲಿನ ಮೇಲೆ ಹಾಸಲೆಂದು ತೆಗೆದ ತೆಳು ಹಳದಿ ಬೆಡ್‌ಶೀಟಿನ ನಾಲ್ಕು ಮೂಲೆಗೂ ದಾರ ಕಟ್ಟಿ, ಹಾರಿಹೋಗದಿರಲಿ ಎಂದು ಚೀಲದ ಪಟ್ಟಿಗೆ ಬಿಗಿದಳು. ನೆರಿಗೆ ನೆರಿಗೆಯಾಗಿ ಮಡಿಸಿದಳು. ಒಂದೊಂದು ನೆರಿಗೆಯೊಳಗೆ ಒಂದೊಂದು ಸಾಮಾನು. ಹೊರಗೆ ಒಂದೇ ಒಂದು ಹಿಡಿ. ಎಳೆದರೆ ಸಾಕು.

ಆಮೇಲೆ ಪಕ್ಕಕ್ಕಿಟ್ಟಿದ್ದ ಕತ್ತರಿ, ಸೂಜಿ, ದಾರದುಂಡೆ ಎಣಿಸಿದಳು. ಎಲ್ಲ ಹೊರಗೇ ಇದ್ದವು.

೫

(ಈ ಭಾಗ ಬಸ್ಸಿನದು. ಬಸ್ಸಿನಲ್ಲಿ ಏನೂ ಆಗಲಿಲ್ಲ. ಏನಾದರೂ ಆಗಲಿ ಎಂದು ಎರಡು ದಿನ ಕಾದೆ. ಮಕ್ಕಳು ನಿದ್ದೆ ಹೋದರು. ಕೈಬಿಟ್ಟಿದ್ದೇನೆ.)

೬

ಕೆರೆಯ ಪಕ್ಕದ ಹುಲ್ಲಿನ ಇಳಿಜಾರು. ಒಳ್ಳೆ ಗಾಳಿ. ಬಾಲನ ಚಡ್ಡಿ ಒದ್ದೆಯಾಯಿತು. ಅವನಿಗೆ ನಾಚಿಕೆಯಾಯಿತು, ನಾಚಿಕೆಯಿಂದ ಅಳು ಬಂತು, ಅಳು ಬಂದ ಮೇಲೆ ಅಮ್ಮ ಬೇಕಾಯಿತು. ಅಮ್ಮ ಎಂಬ ಮಾತು ಕಿವಿಗೆ ಬಿದ್ದದ್ದೇ ಯಾಕಮ್ಮನ ತುಟಿಯೂ ಅದುರಿತು. ಸುತ್ತ ಕೂತವರು ತಿರುಗಿ ನೋಡಿದರು. ಮುಗೀತು, ಇವರನ್ನು ಬೇರೆ ಬೇರೆ ಕಳಿಸುತ್ತಾರೆ ಎಂದುಕೊಂಡಳು ದೊಡ್ಡಮ್ಮ. ಚೀಲವನ್ನು ಎದೆಗವಚಿಕೊಂಡು ಹಿಡಿ ಎಳೆದಳು.

ಬೆಡ್‌ಶೀಟು ಹೊರಗೆ ಹಾರಿತು. ಗಾಳಿ ಅದರೊಳಗೆ ಹೊಕ್ಕಿತು. ನೆರಿಗೆಗಳು ಒಂದೊಂದಾಗಿ, ಒಂದೂ ತಡವರಿಸದೆ ಬಿಚ್ಚಿಕೊಂಡವು. ಟವೆಲ್ಲು ಉದುರಿತು, ಲೋಟಗಳು ಉದುರಿದವು, ಆನೆ ಉದುರಿತು, ಕಲ್ಲು ಉದುರಿತು. ಹಳದಿ ಬಟ್ಟೆ ಮೂವರ ತಲೆಯ ಮೇಲೂ ಬೆಳೆಯುತ್ತ ಬೆಳೆಯುತ್ತ ಉಬ್ಬಿ ನಿಂತಿತು. ಬಿಸಿಲು ಅದರೊಳಗಿಂದ ಇಳಿದು ಮಕ್ಕಳ ಮುಖಕ್ಕೆ ಅರಿಸಿನ ಬಳಿದ ಹಾಗಾಯಿತು. ದಾರಗಳು ಬಿಗಿದು ಚೀಲವನ್ನು ಮೇಲಕ್ಕೆ ಎಳೆದವು. ದೊಡ್ಡಮ್ಮ ಎರಡೂ ಕೈಯಲ್ಲಿ ಪಟ್ಟಿ ಹಿಡಿದು ತುದಿಗಾಲಲ್ಲಿ ನಿಂತಳು.

ತನ್ನ ಕೈ ಮಡಿಸಿದ್ದು ಹೀಗೆ ತೆರೆಯುತ್ತದೆಯೇ? ಎಲ್ಲೋ, ಎಂದೋ, ಯಾರಿಗೋ ಎಂದು ಮಡಿಸಿಟ್ಟ ಅಷ್ಟೂ ಬಟ್ಟೆ ಒಮ್ಮೆಲೇ ಕಣ್ಣ ಮುಂದೆ ಬಂತು. ಕಣ್ಣಲ್ಲಿ ನೀರು ತುಂಬಿಕೊಂಡಿತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಬಾಲ ಬಾಯಿ ತೆರೆದಿದ್ದ, ಅಳು ಮಾತ್ರ ನಿಂತಿತ್ತು. ಯಾಕಮ್ಮ ತಲೆಯೆತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು. ಯಾಕೆ ಎನ್ನಲಿಲ್ಲ.

೭

ಇಲ್ಲಿ ನನಗೊಂದು ಭರ್ಜರಿ ಮುಕ್ತಾಯ ಹೊಳೆಯಿತು. ಆ ಹೊತ್ತಿಗೆ ಕೆರೆಯ ಮೇಲೆ ವಿಮಾನವೊಂದು ಬರುತ್ತದೆ. ಒಬ್ಬ ಹಾರುತ್ತಾನೆ. ಅವನ ಮೊದಲ ಪ್ಯಾರಾಶೂಟ್ ಕೈಕೊಡುತ್ತದೆ. ಎರಡನೆಯದು ತೆರೆಯುತ್ತದೆ. ಅದು ದೊಡ್ಡಮ್ಮ ಮಡಿಸಿದ್ದು. ಕೆಳಗೆ ಹಳದಿ, ಮೇಲೆ ಬಿಳಿ. ಓದುಗರು ಎದ್ದು ಚಪ್ಪಾಳೆ ತಟ್ಟುತ್ತಾರೆ.

ದೊಡ್ಡಮ್ಮ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು.

"ನಿಮ್ಮ ಕಥೆ ಚೆನ್ನಾಗಿರ್ಲಿ ಅಂತ ಒಬ್ಬನ್ನ ಆಕಾಶದಿಂದ ತಳ್ತೀರಾ?"

ನಾನು ಅವನನ್ನು ಮೆತ್ತಗೆ ವಿಮಾನಕ್ಕೆ ಹತ್ತಿಸಿ ಮನೆಗೆ ಕಳಿಸಿದೆ. ಅವನು ಈಗ ಊಟ ಮಾಡುತ್ತಿರಬೇಕು.

೮

ನಡೆದದ್ದು ಇಷ್ಟೇ. ಬ್ರೆಡ್ಡಿನ ಡಬ್ಬಿ ಉರುಳಿ ಕೆರೆ ಸೇರಿತು. ಚಡ್ಡಿಗಳು ಮೂರೂ ನೀರಿನ ಮೇಲೆ ತೇಲಿ ಹೋದವು. ಬಾಲ ಬೆಡ್‌ಶೀಟು ಸುತ್ತಿಕೊಂಡು ಬಸ್ಸಿನಲ್ಲಿ ವಾಪಸ್ ಬಂದ. ಕೈಯಲ್ಲಿ ಕಲ್ಲು ಭದ್ರವಾಗಿತ್ತು. ದಾರಿಯುದ್ದಕ್ಕೂ ದೊಡ್ಡಮ್ಮ ತಂಗಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದಳು. ನನ್ನಿಂದಾಗಲ್ಲ ಕಣೇ, ಅತ್ತೆ ಮನೆಗೆ, ಚಿಕ್ಕಪ್ಪನ ಮನೆಗೇ ಕಳ್ಸು.

ಬಾಗಿಲಲ್ಲಿ ತಂಗಿ ಗೋಡೆಗೆ ಒರಗಿ ನಿಂತಿದ್ದಳು. ಬೆಡ್‌ಶೀಟು ಸುತ್ತಿದ ಮಗನನ್ನು ನೋಡಿದಳು, ಚಪ್ಪಟೆಯಾದ ಚೀಲವನ್ನು ನೋಡಿದಳು.

ಮುಂದಿನದಕ್ಕೆ ನನ್ನ ಬಳಿ ಎರಡು ಡ್ರಾಫ್ಟ್ ಇದ್ದವು. ಒಂದರಲ್ಲಿ ತಂಗಿ ಸಿಡಿಮಿಡಿಗೊಂಡು ಮಕ್ಕಳ ಅತ್ತೆಗೆ ಫೋನ್ ಮಾಡುತ್ತಾಳೆ. ಇನ್ನೊಂದರಲ್ಲಿ ಅಕ್ಕನನ್ನು ತಬ್ಬಿಕೊಂಡು ಅಳುತ್ತಾಳೆ. ಎರಡನೆಯದನ್ನು ನೋಡಿ ದೊಡ್ಡಮ್ಮನಿಗೆ ನಗು ಬಂತು. ಅವಳ ತಂಗಿ ತಬ್ಬಿಕೊಳ್ಳುವ ಜಾತಿಯೇ ಅಲ್ಲವಂತೆ. ನಾನು ಎರಡನ್ನೂ ಹಿಡಿದುಕೊಂಡು ಯೋಚಿಸುತ್ತಿದ್ದಾಗ ಯಾಕಮ್ಮ ನನ್ನನ್ನು ಕೇಳದೆ ಒಳಗೆ ಓಡಿದಳು. ಮಂಚದ ಕೆಳಗಿಂದ ಆ ಖಾಲಿ ಸೂಟ್‌ಕೇಸನ್ನು ಏದುಸಿರು ಬಿಡುತ್ತ ಎಳೆದು ತಂದಳು. ಯಾರೂ ಮುಟ್ಟದಿದ್ದುದನ್ನು ನಡುಮನೆಯಲ್ಲಿಟ್ಟಳು. ಹಿಂದೆ ಬಾಲ.

"ಅಮ್ಮಂದನ್ನ ದೊಡ್ಡಮ್ಮನೇ ತುಂಬ್ಲಿ," ಎಂದಳು. "ದೊಡ್ಡಮ್ಮ ತುಂಬಿದ್ರೆ ತೆರ್ಕೊಳ್ಳುತ್ತೆ."

ಮಕ್ಕಳಿಗೆ ಆಸ್ಪತ್ರೆಯ ಸುದ್ದಿ ಗೊತ್ತಿಲ್ಲ ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ, ಬರೆಯುವವನಾಗಿ. ತಂಗಿ ಸೂಟ್‌ಕೇಸನ್ನೇ ನೋಡುತ್ತ ಕುರ್ಚಿಯ ತುದಿಯಲ್ಲಿ ಕೂತಳು. ದೊಡ್ಡಮ್ಮ ಬಾಯಿಪಾಠ ಮಾಡಿದ್ದು ಬಾಯಿಗೆ ಬರಲೇ ಇಲ್ಲ.

"ಅಕ್ಕಾ," ಎಂದಳು ತಂಗಿ. "ಇವರ ಬಟ್ಟೆ ಬೀರುವಿನ ಕೆಳಗಿನ ಖಾನೇಲಿದೆ. ಇಬ್ಬರದ್ದೂ."

೯

ಈಗ ನೀವು ಕೇಳುತ್ತೀರಿ: ಆಪರೇಷನ್ ಏನಾಯಿತು? ತಂಗಿ ಎದ್ದು ನಡೆದಳೇ? ನಾನೂ ಕೇಳಿದೆ. ದೊಡ್ಡಮ್ಮ ತಲೆಯೆತ್ತಲಿಲ್ಲ, ಈಗ ಮಾತಾಡಿಸಬೇಡಿ, ಕೈಯಲ್ಲಿ ಕೆಲಸ ಇದೆ ಎಂದಳು. ಹಾಗಾಗಿ ನಾನು ನನ್ನ ಸಾಮಾನು ಎಣಿಸುತ್ತಿದ್ದೇನೆ. ಡ್ರಾಫ್ಟುಗಳು, ಅಂಕಿಗಳು, ಬ್ರಾಕೆಟ್ಟುಗಳು. ಒಂದು ಬ್ರಾಕೆಟ್ ಕಡಿಮೆ ಬರುತ್ತಿದೆ. ಅವಳಿಗೆ ಹೇಳಬೇಡಿ.

(ನಡುಮನೆಯಲ್ಲಿ ತಂಗಿಯ ನೈಟಿ, ಶಾಲು, ಬಾಚಣಿಗೆ ಹರಡಿಕೊಂಡಿವೆ. ದೊಡ್ಡಮ್ಮ ಹಳದಿ ಬೆಡ್‌ಶೀಟನ್ನು ನೆರಿಗೆ ಹಿಡಿಯುತ್ತಿದ್ದಾಳೆ. ಸೀಸದ ಚೀಲವಿಲ್ಲದ್ದರಿಂದ ಮಡಿಕೆಯ ಮೇಲೆ ಬಾಲನನ್ನು ಕೂರಿಸಿದ್ದಾಳೆ; ಅವನು ಉಸಿರು ಬಿಗಿಹಿಡಿದು, ಅಲುಗಾಡದೆ, ತನ್ನ ಇಡೀ ತೂಕ ಹಾಕಿ ಕೂತಿದ್ದಾನೆ. ಕಲ್ಲನ್ನು ಅಮ್ಮನ ಶಾಲಿನ ಪಕ್ಕ ಇಟ್ಟಿದ್ದಾನೆ, ಅದೂ ಹೋಗಬೇಕಂತೆ. ತಂಗಿ ಕುರ್ಚಿಯಿಂದಲೇ ಒಂದು ಮೂಲೆ ಹಿಡಿದುಕೊಟ್ಟಿದ್ದಾಳೆ. ಯಾಕಮ್ಮ ಸೂಟ್‌ಕೇಸಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಇವತ್ತು ಮೊದಲ ಸಲ, ಯಾಕೆ ಎಂದು ಕೇಳುತ್ತಾಳೆ. ದೊಡ್ಡಮ್ಮ ನೆರಿಗೆ ಬಿಡದೆ ಅವಳ ಕಡೆ ತಿರುಗುತ್ತಾಳೆ